ಕೆರೆಗೆ ಥರ್ಮಾಮೀಟರು ಕಟ್ಟಿದ ಬೇಸಿಗೆ

ನೀರಿನ ಬಿಸಿ ಅಳೆಯುವ ಕೆಲಸದಲ್ಲಿ ನಗೋದಕ್ಕೆ ಏನಿರುತ್ತೆ ಅಂತ ತುಮಕೂರಿನ ನಮ್ಮಕ್ಕ ಕೇಳುತ್ತಿರುತ್ತಾಳೆ. ಇರಬಾರದು, ನಿಜ. ಆದರೆ ಕೆರೆಯ ಹತ್ತಿರ ಹೋಗಿ ಏನೂ ಆಗದೆ ನಾನು ಮನೆಗೆ ಬಂದ ದಿನ ನೆನಪಿಲ್ಲ.

ನನ್ನ ಕೆಲಸ ಇಷ್ಟು. ಚೆನ್ನೈನ ಪೆರುಂಗುಡಿಯ ಆಫೀಸಿನಲ್ಲಿ ಕೂತು, ಅಂಬತ್ತೂರಿನ ಆಚೆಗಿರುವ ಒಂದು ಕೆರೆಯ ನೀರು ಮೇಲೆಷ್ಟು ಬಿಸಿ, ತಳದಲ್ಲೆಷ್ಟು ಬಿಸಿ, ಸೆಕೆ ಹೀಗೇ ಏರುತ್ತ ಹೋದರೆ ಮುಂದೇನಾಗುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು. ಅದಕ್ಕೆ ಮಾಡೆಲ್ ಅನ್ನುತ್ತೇವೆ. ಆ ಕೆರೆಯಲ್ಲಿ ಬೇಸಿಗೆ ಬಂದರೆ ಒಮ್ಮೊಮ್ಮೆ ಬೆಳಗಾಗುವಷ್ಟರಲ್ಲಿ ಮೀನೆಲ್ಲ ಸತ್ತು ತೇಲುತ್ತಿದ್ದವು. ಮೇಲೆ ಕಾದ ನೀರು, ತಳದಲ್ಲಿ ಉಸಿರಾಡಲಾಗದ ಕೊಳಕು ನೀರು. ಇದ್ದಕ್ಕಿದ್ದಂತೆ ಮಳೆ ಹೊಡೆದು ಎರಡೂ ಕಲೆತರೆ ಮೀನಿನ ಕತೆ ಮುಗಿದಂತೆ. ಹಿಂದಿನ ದಿನವೇ ಗೊತ್ತಾದರೆ ಮೀನುಗಾರರು ಮೊದಲೇ ಬಲೆ ಹಾಕಬಹುದು. ಈ ಬೇಸಿಗೆ ಅದನ್ನು ಹೇಳಿಯೇ ತೀರುತ್ತೇನೆ ಅಂತ ನಾನು ಹಟ ಹಿಡಿದಿದ್ದೆ.

ಎಲ್ಲಿ ನಿಲ್ಲಬೇಕು

ಮೊದಲ ದಿನದ ಮಾತು. ದೋಣಿ ನಡೆಸುವವರು ಅರವತ್ತು ದಾಟಿದ ಮೀನುಗಾರರು, ನಾನು ಅಣ್ಣ ಅಂತಲೇ ಕರೆಯುವುದು. ಬೆಳಗ್ಗೆ ಏಳಕ್ಕೆ ಏರಿಗೆ ಬನ್ನಿ ಅಂತ ಫೋನಿನಲ್ಲಿ ತಮಿಳಿನಲ್ಲಿ ಹೇಳಿದ್ದರು. ನನ್ನ ತಮಿಳು ಆಗ ತರಕಾರಿ ಕೊಳ್ಳುವುದಕ್ಕೆ ಸಾಕಾಗುವಷ್ಟಿತ್ತು. ಏರಿ ಅಂದರೆ ನಮ್ಮ ಕಡೆ ಕೆರೆಗೆ ಹಾಕಿದ ಮಣ್ಣಿನ ಕಟ್ಟೆ. ಹೋಗಿ ಕಟ್ಟೆಯ ಮೇಲೆ ನಿಂತೆ. ಎಂಟಾಯಿತು. ದೂರದಲ್ಲಿ, ನೀರಿನ ನಡುವೆ ಯಾರೋ ದೋಣಿಯಲ್ಲಿ ಸುಮ್ಮನೆ ಕೂತಿದ್ದರು.

ಫೋನ್ ಮಾಡಿ, ನಾನು ಏರಿಯಲ್ಲಿದೀನಿ ಅಂದೆ. ನಾನೂ ಏರಿಯಲ್ಲೇ ಇದೀನಿ, ನೀವೆಲ್ಲೂ ಕಾಣಿಸ್ತಿಲ್ಲವಲ್ಲ ಅಂದರು. ತಮಿಳಿನಲ್ಲಿ ಏರಿ ಅಂದರೇ ಕೆರೆ ಅಂತ ನನಗೆ ಹೊಳೆಯಲಿಲ್ಲ. ಕೊನೆಗೆ ಅವರು ಬೇಸತ್ತು, ಸರಿ, ಕರೈಗೆ ಬನ್ನಿ ಅಂದರು. ಕರೈ ಅಂದರೆ ದಡ. ನನ್ನ ಕಿವಿಗೆ ಬಿದ್ದದ್ದು ಕೆರೆ. ಚಪ್ಪಲಿ ಬಿಟ್ಟು ಸೀದಾ ನೀರಿಗಿಳಿದೆ.

ಅವರು ದೋಣಿ ತಂದು ದಡ ಮುಟ್ಟಿಸುವ ಹೊತ್ತಿಗೆ ನಾನು ಮಂಡಿಯುದ್ದದ ನೀರಿನಲ್ಲಿದ್ದೆ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಬಿಸಿ ಅಳೆಯೋದಕ್ಕೆ ಮೆಷಿನ್ ತರ್ತೀನಿ ಅಂದಿದ್ರಿ ಮೇಡಂ. ಕಾಲಲ್ಲೇ ನೋಡ್ತೀರಿ ಅಂತ ಗೊತ್ತಿರಲಿಲ್ಲ."

ಕತ್ತಿರಿ ಬಿಸಿಲಲ್ಲಿ ಮಂಜುಗಡ್ಡೆ

ನಾವು ಬಳಸುವ ಮಾಡೆಲನ್ನು ಬರೆದವರು ಚಳಿದೇಶದವರು. ಅವರ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ, ಲೆಕ್ಕದಲ್ಲಿ ಅದಕ್ಕೂ ಜಾಗವಿದೆ. ನಮ್ಮೂರಿಗೆ ಬೇಕಾದಂತೆ ತಿದ್ದುವಾಗ ಒಂದು ಸಾಲು ನನ್ನ ಕಣ್ಣು ತಪ್ಪಿತು. ಮೇ ತಿಂಗಳು, ಚೆನ್ನೈನವರು ಕತ್ತಿರಿ ವೆಯಿಲ್ ಅನ್ನುವ ಉರಿಬಿಸಿಲು. ಲೆಕ್ಕ ಮುಗಿದಾಗ ಪರದೆಯ ಮೇಲೆ ಅಂಬತ್ತೂರಿನ ಕೆರೆ ಈ ದಡದಿಂದ ಆ ದಡಕ್ಕೆ ಗೇಣುದಪ್ಪ ಮಂಜುಗಡ್ಡೆಯಾಗಿತ್ತು.

ನಮ್ಮ ಮೇಲಧಿಕಾರಿ ಹಿಂದೆ ಬಂದು ನಿಂತಿದ್ದರು. ಪರದೆ ನೋಡಿದರು. ಕಿಟಕಿಯಾಚೆ ಬಿಸಿಲಿಗೆ ನಡುಗುತ್ತಿದ್ದ ರಸ್ತೆ ನೋಡಿದರು. ಆಫೀಸಿನ ಎಸಿಯನ್ನೂ ಲೆಕ್ಕಕ್ಕೆ ಸೇರಿಸಿದೀರಾ ಅಂತ ಕೇಳಿ ಹೊರಟುಹೋದರು.

ಛಲಕ್ಕೆ ಬಿದ್ದು ಎರಡು ದಿನ ಸಾಲು ಸಾಲಾಗಿ ಹುಡುಕಿ ತಪ್ಪು ಸರಿಮಾಡಿದೆ. ಮುಂದಿನ ಸಲ ದೋಣಿಯಲ್ಲಿ ಹೋಗುವಾಗ ಅಣ್ಣನಿಗೆ ಇದನ್ನು ಹೇಳಿ ನಕ್ಕೆ. ಅವರು ನಗಲಿಲ್ಲ. ಹುಟ್ಟು ಹಾಕೋದು ನಿಲ್ಲಿಸಿ, ಯಾವ ತಾರೀಕು ಅಂತ ಕೇಳಿದರು. ಅಯ್ಯೋ ಅದು ತಪ್ಪು ಲೆಕ್ಕ, ಅಳಿಸಿಬಿಟ್ಟೆ ಅಂದೆ.

"ಅಳಿಸಿಬಿಟ್ರಾ?" ಅಂದರು ಬೇಜಾರಿನಲ್ಲಿ. "ಮೀನಿಗೆ ಐಸ್ ತರೋಕೆ ದಿನಾ ಮಾಧವರಂವರೆಗೂ ಹೋಗಬೇಕು ಮೇಡಂ."

ಏಳು ಡಬ್ಬಿಯ ಹಗ್ಗ

ಕೆರೆಯ ನಡುವೆ ಒಂದು ಡ್ರಮ್ಮು ತೇಲಿಬಿಟ್ಟು, ಅದರಿಂದ ತಳದವರೆಗೆ ಹಗ್ಗ ಇಳಿಬಿಟ್ಟಿದ್ದೆವು. ಹಗ್ಗದುದ್ದಕ್ಕೂ ಬಿಸಿ ಅಳೆಯುವ ಏಳು ಪುಟ್ಟ ಡಬ್ಬಿಗಳು. ಗಂಟೆಗೊಂದು ಸಲ ಲೆಕ್ಕ ನನ್ನ ಕಂಪ್ಯೂಟರಿಗೆ ಬರುತ್ತಿತ್ತು. ಒಂದು ಮಧ್ಯಾಹ್ನ ನೋಡಿದರೆ ತಳದ ನೀರು ನಲವತ್ತಾರು ಡಿಗ್ರಿ, ಮೇಲಿನದೂ ಹೆಚ್ಚುಕಮ್ಮಿ ಅಷ್ಟೇ. ಅಷ್ಟು ಬಿಸಿಯಲ್ಲಿ ಮೀನು ಸಾಯೋದಲ್ಲ, ಬೇಯುತ್ತೆ. ಊಟದ ಡಬ್ಬಿ ಅಲ್ಲೇ ಮುಚ್ಚಿಟ್ಟು, ಎರಡು ರೈಲು ಹಿಡಿದು ಓಡಿದೆ.

ಕೆರೆ ತಣ್ಣಗಿತ್ತು. ಮೀನು ಆರಾಮಾಗಿ ನೆಗೆಯುತ್ತಿದ್ದವು. ಡ್ರಮ್ಮು ಮಾತ್ರ ಇರಲಿಲ್ಲ. ಅಣ್ಣನೂ ನಾನೂ ದಡದ ಮನೆಗಳನ್ನು ವಿಚಾರಿಸುತ್ತ ಹೋದೆವು. ಒಂದು ತಾರಸಿಯ ಮೇಲೆ ನನ್ನ ಹಗ್ಗ ಈ ಗೋಡೆಯಿಂದ ಆ ಗೋಡೆಗೆ ಬಿಗಿದಿತ್ತು. ಏಳು ಡಬ್ಬಿಯ ನಡುವೆ ಸೀರೆ, ಲಂಗ, ಟವೆಲು. ಮನೆಯ ಅಜ್ಜಿ ಮೇಲೆ ಬಂದರು. ಗಾಳಿಗೆ ಕಿತ್ತು, ಡ್ರಮ್ಮು ಸಮೇತ ದಡಕ್ಕೆ ಬಂದಿತ್ತಂತೆ. ಡಬ್ಬಿ ಇರೋದರಿಂದ ಬಟ್ಟೆ ಜಾರೋದೇ ಇಲ್ಲ, ಇಂಥ ಹಗ್ಗ ಎಲ್ಲಿ ಸಿಗುತ್ತೆ ಅಂತ ನನ್ನನ್ನೇ ಕೇಳಿದರು.

ಇದು ಬಟ್ಟೆ ಒಣಹಾಕೋದಲ್ಲ, ಒಂದೊಂದು ಡಬ್ಬಿಯೂ ಅದಿರುವ ಜಾಗದ ಬಿಸಿ ತೋರಿಸುತ್ತೆ ಅಂತ ವಿವರಿಸಿ, ಹೊಸ ನೈಲಾನ್ ಹಗ್ಗ ತಂದುಕೊಡುವ ಮಾತು ಕೊಟ್ಟೆ. ಅಜ್ಜಿ ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಹಾಗಾದರೆ ಯಾವ ಡಬ್ಬಿ ಹತ್ತಿರ ಹಾಕಿದರೆ ಬೇಗ ಒಣಗುತ್ತಮ್ಮ?"

ಮೂರನೆಯದು ಅಂದೆ. ಬೆಳಗ್ಗಿನಿಂದ ಲೆಕ್ಕ ನನ್ನ ಹತ್ತಿರವೇ ಬರುತ್ತಿತ್ತಲ್ಲ.

ಎರಡು ಡಿಗ್ರಿ

ಇದು ಸಣ್ಣದು. ಕೆರೆಗಳ ವಿಚಾರ ನೋಡಿಕೊಳ್ಳುವ ಒಬ್ಬ ಅಧಿಕಾರಿಗೆ ನಮ್ಮ ನಕ್ಷೆ ತೋರಿಸಲು ಹೋಗಿದ್ದೆ. ಕೆಂಪು ಬಣ್ಣ ಕಾದ ನೀರು, ನೀಲಿ ತಣ್ಣನೆಯದು. ಗಿಡಮರ ಕಡಿದಿರುವ ಕಡೆಯೆಲ್ಲ ಕೆಂಪಗಿದೆ, ನೆರಳು ಬೇಕು ಅಂತ ಅರ್ಧ ಗಂಟೆ ಹೇಳಿದೆ. ಅವರು ಗಮನವಿಟ್ಟು ಕೇಳಿದರು, ಬರೆದುಕೊಂಡರು. ನನಗೆ ಬಹಳ ಸಮಾಧಾನವಾಯಿತು. ಏಳುವಾಗ ದನಿ ತಗ್ಗಿಸಿ ಹೇಳಿದರು:

"ಸೋಮವಾರ ರಿವ್ಯೂ ಮೀಟಿಂಗ್ ಇದೆಯಮ್ಮ. ಅಷ್ಟರೊಳಗೆ ಒಂದೆರಡು ಡಿಗ್ರಿ ಇಳಿಸೋಕಾಗುತ್ತಾ?"

ನಾಲ್ವರು ವೀಕ್ಷಕರು

ಕೊನೆಗೂ ಆ ದಿನ ಬಂತು. ನಾಳೆ ಮಳೆ ಬರುತ್ತೆ, ನೀರು ಕಲೆಯುತ್ತೆ, ಮೀನಿಗೆ ಅಪಾಯ ಅಂತ ಮಾಡೆಲ್ ಹೇಳಿತು. ಸಂಜೆ ನಾಲ್ಕಕ್ಕೆ ಅಣ್ಣನಿಗೆ ಫೋನ್ ಮಾಡಿದೆ. ಎಷ್ಟು ಖಾತ್ರಿ ಅಂತ ಕೇಳಿದರು. ನೂರಕ್ಕೆ ಎಪ್ಪತ್ತು ಅಂದೆ. ಹಾಗಾದರೆ ನೂರು ಮೀನಿನಲ್ಲಿ ಎಪ್ಪತ್ತು ಹಿಡಿದರೆ ಸಾಕಾ ಅಂದರು. ಎಲ್ಲಾ ಹಿಡೀರಣ್ಣ ಅಂತ ಬೇಡಿಕೊಂಡೆ.

ಮರುದಿನ ಮಳೆ ಹೊಡೆಯಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಮೀನು ತೇಲುತ್ತಿತ್ತು, ಅಷ್ಟೇ. ಉಳಿದವು ಆಗಲೇ ಬುಟ್ಟಿ ತುಂಬಿ ಮಾರುಕಟ್ಟೆಗೆ ಹೋಗಿದ್ದವು. ನನಗೆ ಅಳು ಬಂತು. ನನ್ನ ಲೆಕ್ಕ ಸರಿಯಾಯಿತು ನೋಡಿ ಅಂದೆ. ಸರಿಯಾಗೇ ಇದೆ ಮೇಡಂ, ಆದರೆ ನಾವು ಬಲೆ ಹಾಕಿದ್ದು ನಿನ್ನೆ ಮಧ್ಯಾಹ್ನವೇ ಅಂತ ಅಣ್ಣ ಸಂಕೋಚದಿಂದ ಹೇಳಿ, ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಹೆಂಗಸನ್ನು ತೋರಿಸಿದರು.

ಆಯಮ್ಮನಿಗೆ ನಾಲ್ಕು ಎಮ್ಮೆ. ತಳದ ನೀರು ಕೆಡುತ್ತ ಬಂದರೆ ಅವು ವಾಸನೆ ಹಿಡಿದು, ಎಂಥ ಬಿಸಿಲಿದ್ದರೂ ಕೆರೆಗೆ ಇಳಿಯುವುದಿಲ್ಲವಂತೆ. ನಾನು ಬಿಡುತ್ತೇನೆಯೇ? ಮುಂದಿನ ವರ್ಷಪೂರ್ತಿ ದಿನಾ ಆಯಮ್ಮನಿಗೆ ಫೋನ್ ಮಾಡಿ, ಇವತ್ತು ಎಷ್ಟು ಇಳಿದವು ಅಂತ ಕೇಳಿ ಬರೆದುಕೊಂಡೆ. ಮಾಡೆಲ್ ಎಷ್ಟೋ ಸುಧಾರಿಸಿತು. ವರದಿಯ ಒಳಗೆ ಎಲ್ಲವನ್ನೂ ಬಿಡಿಸಿ ಬರೆದಿದ್ದೆ. ಮುನ್ನುಡಿಯಲ್ಲಿ ಮಾತ್ರ ಚಿಕ್ಕದಾಗಿ, ನಾಲ್ವರು ಸ್ಥಳೀಯ ವೀಕ್ಷಕರು ದಿನವೂ ನೆರವಾದರು ಅಂತಿತ್ತು. ಮೇಲಿನವರು ಓದಿದ್ದು ಮುನ್ನುಡಿ.

ನಾನು ಊರಿಗೆ ಹೋಗಿದ್ದಾಗ ವೀಕ್ಷಕರಿಗೆ ಪ್ರಶಸ್ತಿಪತ್ರ ಕೊಡುವುದೆಂದು ತೀರ್ಮಾನವಾಯಿತು. ಆಫೀಸಿನಿಂದ ಯಾರೋ ಆಯಮ್ಮನಿಗೆ ಫೋನ್ ಮಾಡಿ ನಾಲ್ವರ ಹೆಸರು ಕೇಳಿದರು. ಆಯಮ್ಮ ಹೇಳಿದರು. ನಾನು ರಜೆ ಮುಗಿಸಿ ಸೀದಾ ಸಮಾರಂಭಕ್ಕೇ ಬಂದೆ. ಮೈಕಿನಲ್ಲಿ, ನಮ್ಮ ಶ್ರೀಮತಿಗೆ ತಮಿಳಿನವರು ಅನ್ನುವ ತಿರುಮತಿ ಸೇರಿಸಿ, ಕೂಗುತ್ತಿದ್ದರು: ತಿರುಮತಿ ಲಕ್ಷ್ಮಿ, ತಿರುಮತಿ ವಳ್ಳಿ, ತಿರುಮತಿ ಸೆಲ್ವಿ, ತಿರುಮತಿ ಕರುಪ್ಪಾಯಿ. ನಾಲ್ಕು ಸಲವೂ ಆಯಮ್ಮನೇ ಗಂಭೀರವಾಗಿ ಮೆಟ್ಟಿಲು ಹತ್ತಿ ಪತ್ರ ತೆಗೆದುಕೊಂಡರು. ನಾನು ಕುರ್ಚಿಯಲ್ಲಿ ಕುಗ್ಗುತ್ತ ಹೋದೆ.

ನಾಲ್ಕನೆಯ ಪತ್ರ ಕೊಡುವಾಗ ಮುಖ್ಯ ಅತಿಥಿಗಳಿಗೆ ಅನುಮಾನ ಬಂತು. ಮೈಕು ಪಕ್ಕದಲ್ಲೇ ಇತ್ತು.

"ಇಷ್ಟು ದೊಡ್ಡ ಕೆಲಸ ಮಾಡಿದವರು ಒಬ್ಬರೂ ಬರಲಿಲ್ಲವಲ್ಲಮ್ಮ. ಎಲ್ಲಿ ಹೋಗಿದ್ದಾರೆ?"

"ಮೇಯೋಕೆ ಸಾರ್," ಅಂದರು ಆಯಮ್ಮ.