ಗೋಡೆಗೆ ಯಾವ ಅಂಗಿ?

ಎಲ್ಲ ಅವಾಂತರಕ್ಕೂ ಮೂಲ ಎರಡೇ ಎರಡು ಪದ. ‘ಮುಟ್ಟಿ ನೋಡಿ’ ಎಂದು ಇಂಜಿನಿಯರ್ ಎಲಿಸೆಯೊ ಫರ್ಫಾನ್ ಒಂದು ರಟ್ಟಿನ ಮೇಲೆ ಬರೆದು ನೇತುಹಾಕಿದ. ಬರೀ ‘ನೋಡಿ’ ಎಂದು ಬರೆದು ಸುಮ್ಮನಿದ್ದಿದ್ದರೆ ಇಷ್ಟು ಹೊತ್ತಿಗೆ ಅವನು ತನ್ನೂರು ಪೈತಾದ ಕಡಲ ದಂಡೆಯಲ್ಲಿ ಚಡ್ಡಿ ಹಾಕಿಕೊಂಡು ಅಮ್ಮ ಮಾಡಿದ ಮೀನು ತಿನ್ನುತ್ತಿರುತ್ತಿದ್ದ.

ತಾರ್ಮಾ ಊರಿನ ನೆತ್ತಿಯ ಮೇಲೆ ಎಲ್ ಪೆರಾಲ್ ಎಂಬ ಬಡಾವಣೆಯಿದೆ. ಪ್ರತಿ ಮಳೆಗಾಲದಲ್ಲೂ ಅದರ ರಸ್ತೆ ಕುಸಿದು ಕೆಳಗಿನವರ ಅಡಿಗೆಮನೆಗೆ ಬಂದು ಕೂರುತ್ತಿತ್ತು. ಕೊನೆಗೆ ಪುರಸಭೆಯವರು ತಡೆಗೋಡೆ ಕಟ್ಟಲು ಮನಸ್ಸು ಮಾಡಿದರು. ಕಲ್ಲು ಗಾರೆಯ ಹಳೇ ನಮೂನೆಯದಲ್ಲ. ಒಂದು ಪದರ ಮಣ್ಣು, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಬಲೆ, ಮತ್ತೆ ಮಣ್ಣು, ಮತ್ತೆ ಬಲೆ, ಹೀಗೆ ದಮ್ಮಸು ಮಾಡುತ್ತ ಏರಿಸುವುದು. ಇಂಥ ಗೋಡೆ ನಿಲ್ಲುವುದು ಹೊಟ್ಟೆಯ ಬಲದಿಂದ. ಎದುರಿಗೆ ಕಾಣುವುದು ಬರೀ ಅಂಗಿ. ಹಾಗಂತ ಬರಿಮೈಯಲ್ಲಿ ಬಿಟ್ಟರೆ ಮಳೆಗೆ ಮಣ್ಣು ಸೋರುತ್ತದೆ, ಬಿಸಿಲಿಗೆ ಬಲೆ ಕೆಡುತ್ತದೆ. ಹುಲ್ಲು ಬೆಳೆಸಿದ ಮಣ್ಣಿನ ಚೀಲ ಹೊದಿಸಬಹುದು, ತಂತಿಯ ಪಂಜರದಲ್ಲಿ ಕಲ್ಲು ತುಂಬಿ ಜೋಡಿಸಬಹುದು, ಇಲ್ಲವೇ ಕಾಂಕ್ರೀಟ್ ಹಲಗೆ ನಿಲ್ಲಿಸಬಹುದು. ಮೂರರಲ್ಲಿ ಯಾವುದಾದರೂ ನಡೆಯುತ್ತಿತ್ತು.

ಆದರೆ ಮುಖ್ಯ ಇಂಜಿನಿಯರ್ ನಿಕಾನೊರ್ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. “ನೋಡಯ್ಯಾ ಫರ್ಫಾನ್, ಅಂಗಿ ಯಾವ್ದು ಅಂತ ಜನಾನೇ ಆರಿಸ್ಬೇಕು. ಭಾನುವಾರದ ಸಭೇಲಿ ಎಲ್ಲಾರೂ ಒಪ್ಪಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕ್ಲಿ. ಹಾಕಿದ ಕ್ಷಣ ನಿನ್ನ ವರ್ಗಾವಣೆ ಕಾಗದ ನಿನ್ನ ಕೈಯಲ್ಲಿ. ಹಾಕ್ಲಿಲ್ಲ ಅಂದ್ರೆ ಇನ್ನೂ ಮೂರು ವರ್ಷ ಇಲ್ಲೇ ಆಲೂಗಡ್ಡೆ ಬೇಯಿಸ್ಕೊಂಡಿರು.”

ಎಲಿಸೆಯೊ ಕಡಲ ಕಡೆಯವನು. ಮೂರು ಸಾವಿರ ಮೀಟರ್ ಎತ್ತರದ ಈ ಚಳಿಯಲ್ಲಿ ಮೂರು ವರ್ಷದಿಂದ ಎರಡು ಸ್ವೆಟರ್ ತೊಟ್ಟು ಮಲಗುತ್ತಿದ್ದ. ವರ್ಗಾವಣೆ ಎಂಬ ಮಾತು ಕೇಳಿದ್ದೇ ತಡ, ಮಳೆಕಾಡಿನ ಕಪ್ಪೆಯ ಹಾಗೆ ಕುಣಿದು, ರಸ್ತೆಯ ಬುಡದಲ್ಲಿ ಮೂರೂ ಬಗೆಯ ಅಂಗಿಯನ್ನು ಒಂದೊಂದು ಮೀಟರ್ ಅಗಲಕ್ಕೆ ನಮೂನೆಯಾಗಿ ಕಟ್ಟಿ, ಆ ರಟ್ಟು ನೇತುಹಾಕಿದ. ಭಾನುವಾರ ಸಂಜೆ ಆರರ ಬಸ್ಸಿಗೆ ಟಿಕೆಟ್ಟೂ ಕೊಂಡ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ನೋಡುತ್ತಾನೆ, ಹುಲ್ಲಿನ ನಮೂನೆ ನುಣ್ಣಗೆ ಬೋಳು! ಬಲಗಡೆಯ ಮೂಲೆಯಲ್ಲಿ ಕೈಗೆಟುಕದೆ ಉಳಿದಿದ್ದ ಒಂದು ಹಿಡಿ ಬಿಟ್ಟರೆ ಒಂದೆಸಳೂ ಇಲ್ಲ. ಯಾರ ಕೆಲಸವೆಂದು ಯೋಚಿಸಬೇಕಾಗಿರಲಿಲ್ಲ. ಅವನು ಬಾಡಿಗೆಗಿದ್ದ ಮನೆಯೊಡತಿ ದೋನ್ಯಾ ಫೋರ್ತುನಾತಾ ಎಂಬತ್ತು ಗಿನಿಹಂದಿ ಸಾಕಿದ್ದಳು. ಹಿತ್ತಲಿಗೆ ಹೋದರೆ ಎಂಬತ್ತೂ ಸಾಲಾಗಿ ಕೂತು ಚಪ್ಪರಿಸುತ್ತಿದ್ದವು.

“ದೋನ್ಯಾ, ಏನಮ್ಮಾ ಇದು!”

“ಮುಟ್ಟಿ ನೋಡಿ ಅಂತ ಬರ್ದಿದ್ರಲ್ಲ ಇಂಜಿನಿಯರಪ್ಪಾ, ಮುಟ್ಟಿದೆ.”

“ಮುಟ್ಟಿದ್ದಲ್ಲ, ಬೋಳಿಸಿದ್ದು!”

“ಕುಡುಗೋಲಿನಲ್ಲಿ ಮುಟ್ಟಿದೆ, ಅದಕ್ಕೇನೀಗ? ನನ್ನ ಮಕ್ಕಳೂ ರುಚಿ ನೋಡಿ ಪಾಸ್ ಮಾಡಿವೆ. ಗೋಡೆ ಪೂರ್ತಿ ಹುಲ್ಲೇ ಹಾಕ್ಸಿ. ಬೇರೆ ಏನಾದ್ರೂ ಹಾಕ್ಸಿದ್ರೋ, ಇವತ್ತಿನಿಂದ ನಿಮಗೆ ಬಿಸಿನೀರಿಲ್ಲ.”

ಇವಳ ಜೊತೆ ವಾದಕ್ಕಿಳಿದರೆ ಸಂಜೆಯ ಬಸ್ಸು ತಪ್ಪೀತು ಎಂದು ಎಲಿಸೆಯೊ ವಾಪಸ್ ಓಡಿದ. ಹುಲ್ಲಿನ ಗಾಬರಿಯಲ್ಲಿ ಮೊದಲು ನೋಡಿರಲಿಲ್ಲ, ಕಲ್ಲಿನ ಪಂಜರವೂ ಖಾಲಿ. ಕಲ್ಲಷ್ಟೇ ಅಲ್ಲ, ತಂತಿಯೂ ಅರ್ಧಕ್ಕರ್ಧ ಮಾಯ. ಮೇಲಿನ ತಿರುವಿನಲ್ಲಿ ಹೊಗೆ ಏಳುತ್ತಿತ್ತು. ಅದು ದೋನ್ ಸೆನೋಬಿಯೊನ ಅಂಗಳ. ಭಾನುವಾರ ಬಂತೆಂದರೆ ಆತ ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ನಡುವೆ ಕುರಿಮಾಂಸ, ಆಲೂಗಡ್ಡೆ, ಎಳೇ ಅವರೆಕಾಯಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ ಪಾಚಮಾಂಕಾ ಬೇಯಿಸಿ ಮಾರುತ್ತಾನೆ. ಎಲಿಸೆಯೊ ಹೋಗುವ ಹೊತ್ತಿಗೆ ಗುಂಡಿಗೆ ಕೊನೆಯ ಸಲಿಕೆ ಮಣ್ಣು ಬೀಳುತ್ತಿತ್ತು.

“ನನ್ನ ಕಲ್ಲು ಎಲ್ಲಿ?”

“ಕೆಳಗಿವೆ ಇಂಜಿನಿಯರೇ. ಕೆಂಪಗೆ ಕಾದು ಕೂತಿವೆ. ಕೂತ್ಕೊಳ್ಳಿ, ನೀವೂ ಒಂದು ತಟ್ಟೆ ತಗೊಂಡು ಹೋಗಿ.”

“ಅವು ಪ್ರಯೋಗಶಾಲೇಲಿ ಪರೀಕ್ಷೆ ಮಾಡಿಸಿ ತಂದ ಕಲ್ಲು ಕಣಯ್ಯಾ!”

“ಅದಕ್ಕೇ ತಗೊಂಡಿದ್ದು!” ಸೆನೋಬಿಯೊನ ಮುಖದಲ್ಲಿ ಅಪ್ಪಟ ಕೃತಜ್ಞತೆ ಇತ್ತು. “ನಾನು ಹೊಳೆಯಿಂದ ತಂದ ಕಲ್ಲು ಹೋದ ವಾರ ಗುಂಡಿಯಲ್ಲೇ ಸಿಡಿದು ಪಾದ್ರಿಗಳ ಟೋಪಿ ಹಾರಿಸ್ಕೊಂಡು ಹೋಯ್ತು. ಸರ್ಕಾರಿ ಕಲ್ಲಿಗೆ ಆ ಭಯ ಇಲ್ಲ. ಗೋಡೆಗೆ ಕಲ್ಲೇ ಹಾಕ್ಸಿ ಸ್ವಾಮಿ. ಬೇಕಾದಾಗ ನಾಲ್ಕು ತಗೋತೀವಿ, ತಣ್ಣಗಾದ್ಮೇಲೆ ವಾಪಸ್ ಇಡ್ತೀವಿ. ನಾವೇನು ಕಳ್ಳರಾ?”

“ಈಗಲೇ ತೆಗಿ!”

“ಹೊತ್ತಿಗೆ ಮುಂಚೆ ತೆಗೆದ್ರೆ ಮಾಂಸ ಹಸಿ, ಭೂಮಿತಾಯಿಗೆ ಕೋಪ. ಆಮೇಲೆ ನಿಮ್ಮ ಗೋಡೆ ಬಿದ್ರೆ ನನ್ನ ಅನ್ಬೇಡಿ.”

“ತಂತಿ?”

“ಅದು ನನಗೆ ಗೊತ್ತಿಲ್ಲಪ್ಪ. ಫೋರ್ತುನಾತಾ ಗಿನಿಹಂದಿಗೆ ಹೊಸ ಗೂಡು ಮಾಡ್ತಾ ಇದ್ಲು, ಕೇಳಿ ನೋಡಿ.”

ಎಲಿಸೆಯೊನಿಗೆ ಈಗ ಉಳಿದ ಆಸರೆ ಕಾಂಕ್ರೀಟ್ ಹಲಗೆ ಒಂದೇ. ಅದನ್ನು ಯಾರೂ ತಿನ್ನಲಾರರು, ಬೇಯಿಸಲಾರರು, ಹೊತ್ತುಕೊಂಡು ಹೋಗಲಾರರು. ಏದುಸಿರು ಬಿಡುತ್ತ ಇಳಿದು ಬಂದು, ಹಲಗೆ ನಿಂತಲ್ಲೇ ನಿಂತಿದ್ದನ್ನು ಪಕ್ಕದಿಂದಲೇ ಕಂಡು, ಸಮಾಧಾನದಿಂದ ಕಣ್ಣು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಒರಗಿದ.

“ಅಯ್ಯೋ, ಒರಗ್ಬೇಡ್ರೀ! ಬಣ್ಣ ಹಸಿ ಇದೆ!”

ಕೂಗಿದವನು ಬಡಾವಣೆಯ ಅಧ್ಯಕ್ಷ ದೋನ್ ಪ್ಲಾಸಿದೊ. ಒಂದು ಕೈಯಲ್ಲಿ ಕುಂಚ, ಇನ್ನೊಂದು ಕೈಯಲ್ಲಿ ಕಣ್ಣು ಕೋರೈಸುವ ಗುಲಾಬಿ ಬಣ್ಣದ ಡಬ್ಬಿ. ಅಧ್ಯಕ್ಷಗಿರಿ ಆತನ ಭಾನುವಾರದ ಕೆಲಸ ಅಷ್ಟೇ. ಉಳಿದ ದಿನ ‘ನೀನು ಬಿಟ್ಟುಹೋದವರ ಬಳಗ’ ಎಂಬ ಹಾಡುಗಾರರ ತಂಡ ಕಟ್ಟಿಕೊಂಡು ವಿರಹಗೀತೆ ಹಾಡಿ ಊರೂರು ಅಳಿಸುತ್ತಿದ್ದ. ಹಲಗೆಯ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ ಬಳಗದ ಹೆಸರು, ಕೆಳಗೆ ‘ಬರುವ ಶನಿವಾರ, ಕರವಸ್ತ್ರ ತನ್ನಿ’ ಎಂದು ಇತ್ತು.

“ಹಾಳು ಮಾಡಿಬಿಟ್ರಲ್ಲ ಇಂಜಿನಿಯರೇ! ‘ಕರವಸ್ತ್ರ’ ಪೂರ್ತಿ ನಿಮ್ಮ ಬೆನ್ನಿಗೆ ಹೋಯ್ತು.”

“ನೀವು ಅಧ್ಯಕ್ಷರು! ನೀವೇ ಹೀಗೆ ಮಾಡಿದ್ರೆ?”

“ಅಧ್ಯಕ್ಷ ಅಂತಲೇ ಪರೀಕ್ಷೆ ಮಾಡ್ದೆ. ಬಣ್ಣ ಚೆನ್ನಾಗಿ ಹಿಡಿಯುತ್ತೆ. ಗೋಡೆ ಪೂರ್ತಿ ಹಲಗೇನೇ ಇರ್ಲಿ. ಕೆಳಗಿನ ಊರಿಗೆಲ್ಲ ಕಾಣತ್ತೆ. ಕಲ್ಲು, ಹುಲ್ಲು ಅಂದ್ರೆ ನನ್ನ ಮುದ್ರೆ ಡಬ್ಬಿಯಿಂದ ಹೊರಕ್ಕೇ ಬರಲ್ಲ.”

ಎಲಿಸೆಯೊ ಕೋಟು ಬಿಚ್ಚಲು ಹೋದ. ಚಳಿ ಮೂಳೆ ಕೊರೆಯಿತು, ಮತ್ತೆ ತೊಟ್ಟುಕೊಂಡ. ಮೂರು ಗಂಟೆಯ ಸಭೆಗೆ ಹೇಗೋ ಎಲ್ಲ ಸರಿಮಾಡೋಣವೆಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಪುರಸಭೆಯ ಜೀಪು ಒಂದು ಗಂಟೆ ಮುಂಚಿತವಾಗಿ ಬಂದು ನಿಂತಿತು. ನಿಕಾನೊರ್ ಸಾಹೇಬರು ಇಳಿದು ಸುತ್ತಲೂ ಕಣ್ಣಾಡಿಸಿದರು.

“ನಮೂನೆ ಮಾಡಿಟ್ಟಿದೀನಿ ಅಂದಿದ್ದೆ. ಎಲ್ಲಯ್ಯಾ?”

“ಒಂದು ಹೊಟ್ಟೇಲಿದೆ ಸಾರ್, ಒಂದು ಒಲೇಲಿದೆ, ಇನ್ನೊಂದು ಅರ್ಧ ನನ್ನ ಬೆನ್ನ ಮೇಲಿದೆ” ಎಂದು ಎಲಿಸೆಯೊ ನಿಜವನ್ನೇ ಹೇಳಿದ.

ಸಾಹೇಬರು ಬೈಯಲು ಬಾಯಿ ತೆರೆದರು. ಆದರೆ ಅದೇ ಹೊತ್ತಿಗೆ ಮೇಲಿನ ಅಂಗಳದಲ್ಲಿ ಸೆನೋಬಿಯೊ ಗುಂಡಿಯ ಮಣ್ಣು ಸರಿಸಿದ. ಬೆಂದ ಕುರಿಯ ಪರಿಮಳ ಇಳಿಜಾರಿನಲ್ಲಿ ಇಳಿದು ಬಂದು ಸಾಹೇಬರ ಮೂಗು ಹಿಡಿದು ಎಳೆಯಿತು. ಬೈಗುಳವನ್ನು ಹಾಗೇ ನುಂಗಿಕೊಂಡು ಅವರು ಮೇಲೆ ನಡೆದರು. ಸಭೆ ಅಲ್ಲೇ, ಗುಂಡಿಯ ಸುತ್ತ ಸೇರಿತು.

ಸೇರಿದ್ದೇ ತಡ ಜಗಳ. ಫೋರ್ತುನಾತಾ ‘ಹುಲ್ಲು’ ಅಂದಳು, ಸೆನೋಬಿಯೊ ‘ಕಲ್ಲು’ ಅಂದ, ಪ್ಲಾಸಿದೊ ಮುದ್ರೆಯನ್ನು ಎದೆಗವಚಿಕೊಂಡು ‘ಹಲಗೆ’ ಅಂದ. ಉಳಿದ ಜನ ಯಾರ ತಟ್ಟೆಯಲ್ಲಿ ಮಾಂಸ ಹೆಚ್ಚಿದೆಯೋ ಅವರ ಕಡೆ ವಾಲುತ್ತಿದ್ದರು. ನಾಲ್ಕೂವರೆ ಆಯಿತು. ಎಲಿಸೆಯೊನ ಕಣ್ಣೆದುರು ಆರರ ಬಸ್ಸು, ಅದರಾಚೆಗೆ ಪೈತಾದ ಬಿಸಿಲು, ಎರಡೂ ಮಸುಕಾಗತೊಡಗಿದವು. ಮೂರು ವರ್ಷದ ಚಳಿ ಒಮ್ಮೆಲೇ ನೆತ್ತಿಗೇರಿ ಅವನು ಬೆಂಚಿನ ಮೇಲೆ ಹತ್ತಿ ನಿಂತ.

“ಸಾಕು ನಿಲ್ಸಿ! ನಿಮಗೆ ಬೇಕಿರೋದು ಗೋಡೆಯಲ್ಲ! ನಿಮಗೆ ಮೇವು ಬೇಕು, ನಿಮಗೆ ಒಲೆ ಬೇಕು, ನಿಮಗೆ ಪುಕ್ಕಟೆ ಪ್ರಚಾರ ಬೇಕು! ಬೇಲಿಯೇ ಎದ್ದು ಹೊಲ ಮೇಯೋ ಊರು ಇದು! ಏನು ಹಾಕಿದ್ರೂ ಬಿಚ್ಕೊಂಡು ಹೋಗ್ತೀರಿ. ನಿಮ್ಮಲ್ಲಿ ಒಬ್ರನ್ನಾದ್ರೂ ನಂಬೋ ಹಾಗಿದ್ಯಾ? ಈ ಗೋಡೆ ಕಾಯೋರು ಯಾರು, ಹೇಳಿ!”

ಗುಂಡಿಯಲ್ಲಿ ಸರ್ಕಾರಿ ಕಲ್ಲೊಂದು ಟಿಕ್ ಎಂದಿತು. ತನ್ನ ವರ್ಗಾವಣೆಗೆ ತಾನೇ ಕಲ್ಲು ಹಾಕಿಕೊಂಡೆನಲ್ಲಾ ಎಂದು ಅವನಿಗೆ ಅರಿವಾದದ್ದು ಆಮೇಲೆ. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. “ಗೋಡೇನ ಮೂರು ಮೆಟ್ಟಿಲು ಮಾಡೋಣ. ಬುಡಕ್ಕೆ ಕಲ್ಲು, ನೀರು ಸರಾಗ ಹೋಗುತ್ತೆ. ನಡುವೆ ಹುಲ್ಲು. ತುದಿಗೆ ಹಲಗೆ. ಆಯ್ತಾ?”

ಮೂವರೂ ಮುಖ ಮುಖ ನೋಡಿಕೊಂಡರು. ತುದಿಯ ಹಲಗೆ ಊರಿಗೆಲ್ಲ ಕಾಣುತ್ತದೆ ಎಂದು ಪ್ಲಾಸಿದೊ ಹಿಗ್ಗಿದ. ಬುಡದ ಕಲ್ಲಿಗೆ ಹತ್ತುವ ಕಷ್ಟವೂ ಇಲ್ಲವೆಂದು ಸೆನೋಬಿಯೊ ಹಿಗ್ಗಿದ. ನಡುವಿನ ಹುಲ್ಲು ಕುಡುಗೋಲಿನ ಎತ್ತರಕ್ಕೆ ಸರಿಯಾಗಿದೆ ಎಂದು ಫೋರ್ತುನಾತಾ ಯಾರಿಗೂ ಹೇಳಲಿಲ್ಲ.

“ಎಂಥಾ ತಲೆ ನಮ್ಮ ಇಂಜಿನಿಯರ್ದು!” ಎಂದು ಜನ ಚಪ್ಪಾಳೆ ತಟ್ಟಿದರು.

ಪ್ಲಾಸಿದೊ ಮಣ ಭಾರದ ನಡಾವಳಿ ಪುಸ್ತಕ ತೆರೆದು ಬರೆಯತೊಡಗಿದ. ಆತನ ಬರವಣಿಗೆ ಬಸವನಹುಳುವಿಗಿಂತ ನಿಧಾನ. ಐದು ಗಂಟೆ ದಾಟಿತ್ತು. ಎಲಿಸೆಯೊ ಈ ಸಮಯದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬರೋಣವೆಂದು ಮನೆಗೆ ಓಡಿದ. ಅವನು ಪೆಟ್ಟಿಗೆ ಹಿಡಿದು ವಾಪಸಾಗುವಷ್ಟರಲ್ಲಿ ನಡಾವಳಿಯನ್ನು ಸಭೆಗೆ ಓದಿ ಹೇಳಿ ಆಗಿತ್ತು, ಎಲ್ಲರ ಸಹಿ, ಹೆಬ್ಬೆಟ್ಟು ಬಿದ್ದಿತ್ತು, ಮುದ್ರೆಯೂ ಡಬ್ಬಿಯಿಂದ ಹೊರಬಂದಿತ್ತು.

“ನಿಮ್ಮದೊಂದು ಬಾಕಿ. ಓದ್ಲಾ?” ಎಂದ ಪ್ಲಾಸಿದೊ.

“ಬೇಡ ಬೇಡ, ಕೊಡಿ ಇಲ್ಲಿ!” ಎಲಿಸೆಯೊ ಸಹಿ ಗೀಚಿ, ಹೆಬ್ಬೆಟ್ಟೊತ್ತಿ, ಅದೇ ಶಾಯಿಯ ಕೈಯನ್ನು ಸಾಹೇಬರ ಮುಂದೆ ಚಾಚಿದ. “ಸಾರ್, ನನ್ನ ಕಾಗದ.”

“ಯಾವ ಕಾಗದ?” ಸಾಹೇಬರು ಪಕ್ಕೆಲುಬು ಚೀಪುವುದನ್ನು ನಿಲ್ಲಿಸಿ ಅವನನ್ನು ದಿಟ್ಟಿಸಿದರು. “ಏಳನೇ ಕಲಮಿಗೆ ಈಗ ತಾನೇ ಹೆಬ್ಬೆಟ್ಟು ಒತ್ತಿದೆಯಲ್ಲ?”

“ಏಳನೇ ಕಲಮು?”

ಪ್ಲಾಸಿದೊ ಗಂಟಲು ಸರಿಮಾಡಿಕೊಂಡು, ಹಾಡಿಗಿಂತ ಮುಂಚೆ ಅಳಿಸುವವನ ದನಿಯಲ್ಲಿ ಓದಿದ. “ಏಳು. ಈ ಬಡಾವಣೆಯಲ್ಲಿ ಒಬ್ಬರನ್ನೂ ನಂಬುವ ಹಾಗಿಲ್ಲವೆಂದು ಮಾನ್ಯ ಇಂಜಿನಿಯರರು ಬೆಂಚಿನ ಮೇಲೆ ನಿಂತು ತಿಳಿಸಿದ್ದನ್ನು ಸಭೆಯು ಸರ್ವಾನುಮತದಿಂದ ಒಪ್ಪುತ್ತದೆ. ಗಿನಿಹಂದಿಯಾಗಲಿ, ಒಲೆಯಾಗಲಿ, ಹಾಡಿನ ತಂಡವಾಗಲಿ ಇಲ್ಲದ ಏಕೈಕ ನಿವಾಸಿ ಅವರೇ ಆದ್ದರಿಂದ, ಮೂರು ಮಳೆಗಾಲ ಮುಗಿಯುವ ತನಕ ಗೋಡೆ ಕಾಯಲು ಅವರನ್ನೇ ನೇಮಿಸಲಾಗಿದೆ.”

ಜನ ಮತ್ತೆ ಚಪ್ಪಾಳೆ ತಟ್ಟಿದರು. ಈ ಸಲ ಕೆಲವರ ಕಣ್ಣಲ್ಲಿ ನೀರೂ ಇತ್ತು.

“ಸಾರ್, ನೀವಾದ್ರೂ ಹೇಳಿ! ನನ್ನ ಬಸ್ಸು! ನನ್ನ ಅಮ್ಮ!”

“ಜನರ ತೀರ್ಮಾನ ಕಣಯ್ಯಾ, ಮುದ್ರೆ ಬಿದ್ದಿದೆ. ಮುದ್ರೆ ಬಿದ್ದ ಮೇಲೆ ಪೋಪ್ ಬಂದ್ರೂ ಆಗಲ್ಲ.” ಸಾಹೇಬರು ಜೇಬಿಗೆ ಕೈಹಾಕಿ ಅವನ ವರ್ಗಾವಣೆ ಕಾಗದ ತೆಗೆದರು, ಒಂದು ಗಳಿಗೆ ನೋಡಿದರು, ಆಮೇಲೆ ಬೆರಳಿಗಂಟಿದ ಕುರಿಕೊಬ್ಬನ್ನು ಅದರಿಂದಲೇ ಅಚ್ಚುಕಟ್ಟಾಗಿ ಒರೆಸಿಕೊಂಡರು.

ಆರು ಗಂಟೆಗೆ ಕೆಳಗಿನ ನಿಲ್ದಾಣದಲ್ಲಿ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು. ಎಲಿಸೆಯೊ ನಮೂನೆಗಳ ಪಕ್ಕ ಪೆಟ್ಟಿಗೆಯ ಮೇಲೆ ಕೂತು ಅದರ ಹಿಂದಿನ ದೀಪ ಮರೆಯಾಗುವ ತನಕ ನೋಡಿದ. ದುಃಖ ಉಮ್ಮಳಿಸಿ ಬಂತು. ಕರವಸ್ತ್ರ ಮಾತ್ರ ಬೆನ್ನ ಮೇಲಿತ್ತು.

ಫೋರ್ತುನಾತಾ ಪಕ್ಕಕ್ಕೆ ಬಂದು ಒಂದು ತಂತಿಯ ಗೂಡು ಇಟ್ಟಳು. ಯಾವ ತಂತಿಯೆಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಒಳಗೆ ಕಂದು ಬಣ್ಣದ ಎರಡು ಗಿನಿಹಂದಿಗಳು.

“ಒಂಟಿ ಜೀವ, ಕಾವಲು ಕೂತು ಬೇಜಾರಾಗ್ಬಾರ್ದು ಅಂತ ತಂದೆ ಮಗಾ. ಅಳ್ಬೇಡ. ಬಿಸಿನೀರು ಕಾಯಿಸಿಡ್ತೀನಿ.” ತಲೆ ಸವರಿ ಮನೆಗೆ ಹೋದಳು.

ಗಿನಿಹಂದಿಗಳು ಅವನನ್ನೇ ನೋಡಿ ಸೀಟಿ ಹೊಡೆದವು. ಅವನು ಬೇರೆ ಕಡೆ ನೋಡಿದ. ಅವು ಇನ್ನಷ್ಟು ಜೋರಾಗಿ ಸೀಟಿ ಹೊಡೆದವು. ಹಸಿದಿದ್ದವು ಪಾಪ. ಅವನಿಗೂ ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ, ಹಸಿವೆಂದರೇನೆಂದು ಗೊತ್ತಿತ್ತು. ನಮೂನೆಯ ಬಲಗಡೆಯ ಮೂಲೆಯಲ್ಲಿ ಆ ಒಂದು ಹಿಡಿ ಹುಲ್ಲು ಗಾಳಿಗೆ ಅಲ್ಲಾಡುತ್ತಿತ್ತು.

ಮಬ್ಬುಗತ್ತಲಲ್ಲಿ ಎಲಿಸೆಯೊ ಅತ್ತ ನೋಡಿದ, ಇತ್ತ ನೋಡಿದ. ಪೆಟ್ಟಿಗೆಯನ್ನು ಮೆಲ್ಲಗೆ ನಮೂನೆಗೆ ಆನಿಸಿ, ಅದರ ಮೇಲೆ ಹತ್ತಿ, ಕೈ ಚಾಚಿ, ಹುಲ್ಲನ್ನು ಬುಡಸಮೇತ ಹಿಡಿದು ಎಳೆದ.

ಮೇಲಿನಿಂದ ಸೆನೋಬಿಯೊನ ಗಂಟಲು ಇಡೀ ಎಲ್ ಪೆರಾಲ್‌ಗೆ ಕೇಳುವಂತೆ ಒದರಿತು.

“ಇಂಜಿನಿಯರೇ! ಓ ಇಂಜಿನಿಯರೇ! ಎಲ್ಲಿದ್ದೀರಿ? ಬೇಗ ಬನ್ನಿ, ಯಾರೋ ಕಳ್ಳ ನಿಮ್ಮ ಗೋಡೆ ಹುಲ್ಲು ಕೀಳ್ತಾ ಇದಾನೆ!”