ಸರ್ವೀಸಿಗೆ ಮುಂಚೆ ಒಂದು ಉಗುಳು

ಇದು ಉಗುಳಿನ ವಿಷಯ. ಊಟದ ತಟ್ಟೆ ಮುಂದಿಟ್ಟುಕೊಂಡು ಓದುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಕೈ ತೊಳೆದುಕೊಂಡು ಬನ್ನಿ, ನನಗೇನೂ ಅವಸರವಿಲ್ಲ. ಉಗುಳಿನಷ್ಟು ವಿಚಿತ್ರವಾದ ಆಸ್ತಿ ಮನುಷ್ಯನಿಗೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಬಾಯೊಳಗೆ ಇರುವಷ್ಟು ಹೊತ್ತೂ ಅದು ನಮ್ಮದೇ, ಅದಿಲ್ಲದೆ ಒಂದು ತುತ್ತೂ ಇಳಿಯುವುದಿಲ್ಲ. ಹೊರಗೆ ಬಿದ್ದಿತೋ, ಅದರ ಕಡೆ ತಿರುಗಿ ನೋಡಲು ನಮಗೇ ಅಸಹ್ಯ. ನಾನು ತಿಪಟೂರಿನಲ್ಲಿ ಟೈಲ್ಸು, ನಲ್ಲಿ, ವಾಷ್ ಬೇಸಿನ್ನುಗಳ ಅಂಗಡಿ ಇಟ್ಟುಕೊಂಡಿರುವವನು. ಜನ ಎಲ್ಲಿ ಉಗಿಯಬೇಕು ಎಂಬುದಕ್ಕೆ ಬಣ್ಣಬಣ್ಣದ ವ್ಯವಸ್ಥೆ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಆದರೆ ನಾನು ಮಾತ್ರ ಉಗಿಯುವುದು ಮಣ್ಣಿನ ಮೇಲೆ. "ಅಂಗಡಿ ತುಂಬ ಬೇಸಿನ್ ಜೋಡಿಸ್ಕೊಂಡು ಬೇಲಿ ಬುಡ ಹುಡುಕ್ಕೊಂಡು ಹೋಗ್ತೀರಲ್ಲ, ನಿಮ್ಮ ಗಿರಾಕಿಗಳು ನೋಡಿದ್ರೆ ಏನಂದ್ಕೊಂಡಾರು" ಎಂದು ನನ್ನ ಹೆಂಡತಿ ಸುಮಿತ್ರ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಈಗಲೂ ಕೇಳುತ್ತಾಳೆ.

ಟೀವಿಯಲ್ಲಿ ಕ್ರಿಕೆಟ್ ಬಂದರಂತೂ ಮನೆಯಲ್ಲಿ ಈ ವಿಷಯಕ್ಕೆ ಜೀವ ಬರುತ್ತದೆ. ಸುಮಿತ್ರ ಆಟ ನೋಡುವವಳಲ್ಲ. ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತ ಕೂತಿರುತ್ತಾಳೆ. ಸಿಕ್ಸರ್ ಹೊಡೆದಾಗ ತಲೆ ಎತ್ತುವುದಿಲ್ಲ, ವಿಕೆಟ್ ಬಿದ್ದು ನಾನು ಸೋಫಾ ಬಿಟ್ಟು ಎದ್ದಾಗಲೂ ಎತ್ತುವುದಿಲ್ಲ. ಯಾವನಾದರೂ ಒಬ್ಬ ಆಟಗಾರ ಮುಖ ಓರೆ ಮಾಡಿ ಪುಚಕ್ಕನೆ ಉಗಿದ ಆ ಒಂದು ಗಳಿಗೆಯಲ್ಲಿ ಮಾತ್ರ ಸರಿಯಾಗಿ ತಲೆ ಎತ್ತಿರುತ್ತಾಳೆ. "ಇವ್ರಿಗೆ ಕೋಟಿಗಟ್ಲೆ ದುಡ್ಡು ಕೊಡ್ತಾರೆ ಅಂತೀರ. ಜೊತೆಗೊಂದು ಕರ್ಚೀಫು ಕೊಡಬಾರದೇನ್ರೀ" ಎನ್ನುತ್ತಾಳೆ. ಉಗಿದವನು ಎಲ್ಲೋ ದೂರದ ದೇಶದ ಮೈದಾನದಲ್ಲಿರುತ್ತಾನೆ. ಅವನ ಪರವಾಗಿ ಉತ್ತರ ಹೇಳಬೇಕಾದವನು ತಿಪಟೂರಿನಲ್ಲಿರುವ ನಾನು.

ಕಾಲೇಜಿನ ದಿನಗಳಿಂದ ವಾಲಿಬಾಲ್ ಆಡುತ್ತ ಬಂದವನಾದ್ದರಿಂದ ನಮ್ಮ ಮನೆಯ ಮಟ್ಟಿಗೆ ಆಟಗಾರರ ಉಗುಳಿನ ಮೇಲೆ ನಾನೇ ತಜ್ಞ. ಓಡುವಾಗ ಉಸಿರಿಗೆ ಮೂಗು ಸಾಲುವುದಿಲ್ಲ, ಬಾಯಲ್ಲೂ ಎಳೆದುಕೊಳ್ಳುತ್ತೇವೆ. ಆಗ ಉಗುಳು ಅಂಟಂಟಾಗಿ ಗಟ್ಟಿಯಾಗುತ್ತದೆ. ನುಂಗುತ್ತ ಕೂತರೆ ಉಸಿರು ತಪ್ಪುತ್ತದೆ, ಅದಕ್ಕೇ ಉಗಿಯುತ್ತಾರೆ. ಕೆಲವರಿಗೆ ಭಯಕ್ಕೆ ಬರುತ್ತದೆ. ಕೆಲವರಿಗೆ ಎದುರಾಳಿ ನೋಡುತ್ತಿದ್ದಾನೆ ಎಂದರೆ ಬರುತ್ತದೆ. ಇನ್ನು ಕೆಲವರಿಗೆ ಪಕ್ಕದವನು ಉಗಿದನಲ್ಲ, ನಾನೇಕೆ ಸುಮ್ಮನಿರಲಿ ಎಂದು ಬರುತ್ತದೆ. ಇಷ್ಟನ್ನೂ ನಾನು ಒಮ್ಮೆ ವಿವರವಾಗಿ ಹೇಳಿದೆ. ಸುಮಿತ್ರ ಒಂದು ಕಲ್ಲನ್ನು ಆರಿಸಿ ಕಿಟಕಿಯಾಚೆ ಎಸೆದು, "ಬೆಳಿಗ್ಗೆ ಎದ್ದಾಗಿಂದ ನಾನೂ ಓಡ್ತಾನೇ ಇರ್ತೀನಿ. ನಾನೆಲ್ರೀ ಉಗೀತೀನಿ" ಎಂದಳು.

ನಮ್ಮ ಆಟ ನಡೆಯುವುದು ಹಾಲ್ಕುರಿಕೆಯಲ್ಲಿ, ನನ್ನ ಗೆಳೆಯ ನಂಜುಂಡನ ತೆಂಗಿನ ತೋಟದಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೆರಡು ಮಂದಿ ಸೇರುತ್ತೇವೆ, ಎಲ್ಲರೂ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ವಯಸ್ಸಿನವರು. ಎರಡು ಮರಗಳ ನಡುವೆ ನೆಟ್ ಕಟ್ಟಿದರೆ ಆಯಿತು, ಕೋರ್ಟು ಸಿದ್ಧ. ಒಬ್ಬೊಬ್ಬರಿಗೆ ಒಂದೊಂದು ಚಾಳಿ. ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಪುಟ್ಟಸ್ವಾಮಿ ಸರ್ವೀಸಿಗೆ ಮುಂಚೆ ಚೆಂಡನ್ನು ಮೂಸಿ ನೋಡುತ್ತಾನೆ. ಏನು ವಾಸನೆ ಬರುತ್ತದೆಂದು ಕೇಳಿದರೆ, "ರಬ್ಬರ್ದು" ಎನ್ನುತ್ತಾನೆ. ನಾನು ಚಡ್ಡಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತೇನೆ. ಅದು ಜಾರಿರುವುದಿಲ್ಲ, ಆದರೂ ಎಳೆಯದೆ ಹೊಡೆದ ಚೆಂಡು ನೆಟ್ ದಾಟಿದ್ದು ನನಗೆ ನೆನಪಿಲ್ಲ.

ಎಲ್ಲರಿಗೂ ಇರುವ ಚಾಳಿಯೊಂದಿದೆ. ತೋಟದಲ್ಲಿ ಆಡಿ ಬೆಳೆದವರಾದ್ದರಿಂದ ಪ್ರತಿ ಸರ್ವೀಸಿಗೂ ಮುಂಚೆ ಒಮ್ಮೆ ಕತ್ತೆತ್ತಿ ಮೇಲೆ ನೋಡುತ್ತೇವೆ. ಒಣಗಿದ ಕಾಯೋ ಗರಿಯೋ ತಲೆಯ ಮೇಲೆ ಬೀಳುವುದಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಂಡ ಮೇಲೇ ನಮ್ಮ ಗಮನ ಚೆಂಡಿನ ಕಡೆಗೆ. ಒಮ್ಮೆ ಅಮ್ಮಸಂದ್ರದ ಬಯಲಿನಲ್ಲಿ ಪಂದ್ಯಕ್ಕೆ ಹೋಗಿದ್ದೆವು. ಸುತ್ತ ಒಂದು ಮರವೂ ಇಲ್ಲ. ಆದರೂ ಆರು ಜನ ಒಟ್ಟಿಗೇ ಕತ್ತೆತ್ತಿ ಆಕಾಶ ನೋಡಿದೆವು. ಎದುರಾಳಿ ತಂಡದ ನಾಯಕ, ಒಳ್ಳೆಯ ಮನುಷ್ಯ, ನಾವು ದೇವರಿಗೆ ಬೇಡಿಕೊಳ್ಳುತ್ತಿದ್ದೇವೆಂದು ತಿಳಿದು ನಮ್ಮ ಕತ್ತು ಕೆಳಗಿಳಿಯುವವರೆಗೂ ಪ್ರತಿ ಸಲ ತಾನೂ ಚೆಂಡು ಹಿಡಿದು ಕಾದ. ಅವತ್ತು ಸೋತೆವು. ಆದರೆ ತಿಪಟೂರು ಸೀಮೆಯವರು ಭಾರಿ ದೈವಭಕ್ತರು ಎಂಬ ಹೆಸರು ಬಂತು.

ಇನ್ನು ನಂಜುಂಡನ ಉಗುಳು. ಚೆಂಡನ್ನು ಎಡ ಅಂಗೈ ಮೇಲಿಟ್ಟುಕೊಂಡು, ಬಲ ಹೆಗಲಿನ ಕಡೆಗೆ ಮುಖ ತಿರುಗಿಸಿ, ಹಿಂದಿದ್ದ ಒಂದು ತೆಂಗಿನ ಮರದ ಬುಡಕ್ಕೆ ಗುರಿಯಿಟ್ಟು ಉಗಿಯುತ್ತಿದ್ದ. ಗುರಿ ತಪ್ಪುತ್ತಿರಲಿಲ್ಲ. ಆಮೇಲೆ ತೋಳಿಗೆ ತುಟಿ ಒರೆಸಿಕೊಂಡು ಚೆಂಡು ಹೊಡೆದರೆ, ಎದುರಿನವರು ಅದನ್ನು ಎತ್ತುವುದಕ್ಕಿಂತ ಬಿಡುವುದೇ ಹೆಚ್ಚು. ಆ ಮರ ತೋಟದಲ್ಲೆಲ್ಲ ಹೆಚ್ಚು ಕಾಯಿ ಬಿಡುತ್ತದೆ ಎಂದು ಪುಟ್ಟಸ್ವಾಮಿ ಊರೆಲ್ಲ ಹೇಳಿಕೊಂಡು ಬಂದಿದ್ದ. ನಂಜುಂಡನ ಹೆಂಡತಿ ಗಿರಿಜ ಆ ಮರದ ಕಾಯನ್ನು ಮನೆಯ ಚಟ್ನಿಗೆ ಮುಟ್ಟುತ್ತಿರಲಿಲ್ಲ. "ಅದನ್ನ ಬೇರೆ ಗುಡ್ಡೆ ಹಾಕಿಸಿ ಮಂಡಿಗೆ ಕಳುಸ್ತೀನಿ ಕಣಣ್ಣ, ಯಾರಾದ್ರೂ ಪುಣ್ಯವಂತರು ತಿನ್ಕೊಳ್ಳಲಿ" ಎಂದು ನನ್ನ ಹತ್ತಿರವೇ ಹೇಳಿದ್ದಾಳೆ. ನೋಡಿದವರು ಇವನು ಗುಟ್ಕಾ ಹಾಕುತ್ತಾನೆಂದು ತಿಳಿಯುತ್ತಿದ್ದರು. ನಂಜುಂಡ ಮದುವೆ ಮನೆಯಲ್ಲಿ ಕೊಟ್ಟ ಅಡಿಕೆಯನ್ನೂ ಬಾಯಿಗೆ ಹಾಕುವವನಲ್ಲ. ಅವನ ಉಗುಳು ನೀರಿನಷ್ಟು ಶುಭ್ರವಾಗಿತ್ತು ಎಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ಹೋದ ವರ್ಷ ಅವನ ಗಂಟಲಲ್ಲಿ ಗೆಡ್ಡೆ ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ರೇಡಿಯೇಷನ್, ಅಂದರೆ ನಮ್ಮ ಕಡೆಯವರು ಹೇಳುವ ಕರೆಂಟ್, ಕೊಡಬೇಕು ಎಂದರು. "ಏನ್ ಹಾಕ್ತಿದ್ರಿ ಅಂತ ಮೊದಲ್ನೇ ದಿನದಿಂದ ಕೊನೇ ದಿನದವರ್ಗೂ ಎಲ್ರೂ ಕೇಳಿದ್ರು ಕಣ್ಲಾ. ಏನೂ ಇಲ್ಲ ಅಂದ್ರೆ ಒಬ್ರೂ ನಂಬಲಿಲ್ಲ. ಕೊನೇಗೆ ನಂಗೇ ಅನುಮಾನ ಬಂತು, ನಿದ್ದೇಲೇನಾದ್ರೂ ಹಾಕ್ಕೊತಿದ್ನಾ ಅಂತ" ಎಂದ, ಮನೆಗೆ ಬಂದ ಮೇಲೆ. ಗೆಡ್ಡೆ ಹೋಗಿತ್ತು. ಅದರ ಜೊತೆಗೆ ಉಗುಳೂ ಹೋಗಿತ್ತು. ಬಾಯಿಗೆ ನೀರು ತರುವ ಗ್ರಂಥಿಗಳು ಕರೆಂಟಿನ ಕಾವಿಗೆ ಸಿಕ್ಕಿ ಸೊರಗಿದ್ದವು. ನಿಧಾನವಾಗಿ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ನಾನು ನೋಡಲು ಹೋದ ದಿನ ನಂಜುಂಡ ಜಗುಲಿಯ ಮೇಲೆ ಕೂತಿದ್ದ. ಕತ್ತಿನ ಚರ್ಮ ಕಪ್ಪಾಗಿತ್ತು, ಅಂಗಿಯ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗವಿತ್ತು. ಏನು ಮಾತಾಡಬೇಕೋ ತಿಳಿಯದೆ ನಾನು ಕಾಯಿಯ ಬೆಲೆ ಕೇಳಿದೆ. ನಮ್ಮ ಕಡೆ ಸಾವಿನ ಮನೆಯಲ್ಲೂ ಕೇಳಬಹುದಾದ ಪ್ರಶ್ನೆ ಅದೊಂದೇ. ಅವನು ಮೇಲಿನ ಅಟ್ಟ ತೋರಿಸಿದ. ಅಲ್ಲಿ ಕಾಯಿ ಹರವಿದ್ದರು. ವರ್ಷದ ಹತ್ತಿರ ಅಲ್ಲೇ ಬಿದ್ದಿದ್ದು, ಒಳಗಿನ ನೀರೆಲ್ಲ ಹಿಂಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಗಿಟುಕು ಎಂದ ಮೇಲೇ ಅದನ್ನು ಒಡೆದು ಮಾರುವುದು. "ನಂದೂ ಹಂಗೇ ಆಗದೆ ಕಣ್ಲಾ, ನೀರೆಲ್ಲ ಹಿಂಗೋಯ್ತು. ಬೇಕಾದ್ರೆ ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ ನೋಡು. ಇನ್ಮೇಲೇ ಕಣಪ್ಪ ನಂಗೆ ಬೆಲೆ ಬರೋದು" ಎಂದ. ನಾನು ನಕ್ಕೆ. ಅವನೂ ನಗಲು ಹೋದ, ನಾಲಿಗೆ ಅಂಗುಳಿಗೆ ಅಂಟಿಕೊಂಡು ಮಾತು ನಿಂತಿತು. ಗಿರಿಜ ನೀರು ತಂದು ಕೊಡುವವರೆಗೂ ಕೈಸನ್ನೆ ಮಾಡುತ್ತ ಕೂತಿದ್ದ.

ಹೊರಡುವಾಗ ಗಿರಿಜ ಗೇಟಿನವರೆಗೂ ಬಂದಳು. ಹಿಂದಿನ ದಿನ ಅವನು ಆಸೆಪಟ್ಟು ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡನಂತೆ. ಎಷ್ಟು ಹೊತ್ತು ಅಗಿದರೂ ಬಾಯಲ್ಲಿ ಮರದ ಹೊಟ್ಟು ತುಂಬಿಕೊಂಡ ಹಾಗಾಯಿತಂತೆ. ನುಂಗಲು ಬಾರದೆ, ಉಗಿಯಲೂ ಬಾರದೆ, ಕೊನೆಗೆ ಬೆರಳು ಹಾಕಿ ಕೆರೆದು ತೆಗೆದನಂತೆ. "ಮನೆ ತುಂಬ ಕೊಬ್ಬರಿ ಇಟ್ಕೊಂಡು ಹಿಂಗಾಯ್ತಲ್ಲಣ್ಣ. ಈ ಮನುಷ್ಯ ಜಗುಲಿ ಕಂಬಕ್ಕೇ ಉಗುದ್ರೂ ಸರಿ, ನಾನೇ ತೊಳೀತೀನಿ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಬಸ್ಸಿನಲ್ಲಿ ತಿಪಟೂರಿನವರೆಗೂ ನನಗೆ ಬಹಳ ದುಃಖವಾಗುತ್ತಿತ್ತು.

ಅಲ್ಲಿಂದ ಮುಂದೆ ನಾವು ಹನ್ನೊಂದು ಜನ ಒಬ್ಬ ಮನುಷ್ಯ ಉಗಿಯುವುದನ್ನೇ ಕಾಯುತ್ತ ಕೂತೆವು. ಪುಟ್ಟಸ್ವಾಮಿ ದಿನಾ ಗಿರಿಜಳಿಗೆ ಫೋನ್ ಮಾಡಿ, "ಏನವ್ವ, ಬಂತಾ" ಎಂದು ಕೇಳುತ್ತಿದ್ದ. ಏನು ಎಂದು ಯಾರೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಸುಮಿತ್ರಳೂ ನಾನು ಮನೆಗೆ ಬಂದೊಡನೆ ಅದನ್ನೇ ಕೇಳುತ್ತಿದ್ದಳು. ಒಂದು ಸೋಮವಾರ ಗುಡಿಗೆ ಹೋಗಿ ಬಂದವಳು, "ನಗಬೇಡಿ. ಅವ್ರದ್ದನ್ನೂ ದೇವ್ರ ಹತ್ರ ಕೇಳ್ಕೊಂಡೆ. ಉಗುಳು ಬರಲಿ ಅಂತ ಗುಡಿಯೊಳಗೆ ಹೆಂಗ್ರೀ ಅನ್ನೋದು. ಬಾಯಿ ಒದ್ದೆ ಮಾಡಪ್ಪ ಅಂದೆ, ಅವನಿಗೆ ಅರ್ಥವಾಗಿರುತ್ತೆ" ಎಂದಳು. ನಾನು ನಗಲಿಲ್ಲ.

ಕೆಲವು ವಾರ ಕಳೆದ ಮೇಲೆ ನಂಜುಂಡ ತೋಟಕ್ಕೆ ಬರತೊಡಗಿದ. ಆಡಲು ಶಕ್ತಿಯಿರಲಿಲ್ಲ. ಗೆರೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಎರಡು ಮಾತಿಗೊಮ್ಮೆ ಗುಟುಕರಿಸುತ್ತ ಕೂರುತ್ತಿದ್ದ. ಅವನ ಮುಂದೆ ನಾವು ಯಾರೂ ಉಗಿಯುತ್ತಿರಲಿಲ್ಲ. ಹಾಗೆಂದು ಯಾರೂ ಕೂತು ಮಾತಾಡಿಕೊಂಡಿರಲಿಲ್ಲ, ತಾನಾಗಿಯೇ ಆಗಿತ್ತು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ ನುಂಗಿ ಆಟ ಮುಗಿಯುವ ಹೊತ್ತಿಗೆ ನನಗೆ ಹೊಟ್ಟೆ ಉಬ್ಬರಿಸಿರುತ್ತಿತ್ತು, ತಟ್ಟೆಯಲ್ಲಿಟ್ಟ ಇಡ್ಲಿ ಬೇಡವಾಗುತ್ತಿತ್ತು. ಪುಟ್ಟಸ್ವಾಮಿ ಮಾತ್ರ ಆಗಾಗ ಆಟ ನಿಲ್ಲಿಸಿ ಪಂಪ್‌ಹೌಸಿನ ಹಿಂದೆ ಹೋಗಿ ಬರುತ್ತಿದ್ದ. ಸಕ್ಕರೆ ಕಾಯಿಲೆ ಇರುವವನಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ ಎಂದುಕೊಂಡಿದ್ದ.

ಹೋದ ಭಾನುವಾರ ನನ್ನ ಸರ್ವೀಸಿನ ಸರದಿ. ಮೇಲೆ ನೋಡಿ, ಚಡ್ಡಿ ಎಳೆದುಕೊಂಡು, ಬಾಯಲ್ಲಿದ್ದದ್ದನ್ನು ನುಂಗಿದೆ. ನಂಜುಂಡ ಕುರ್ಚಿಯಿಂದ ಎದ್ದು ನನ್ನ ಹತ್ತಿರಕ್ಕೇ ಬಂದ.

"ಉಗಿ ಕಣ್ಲಾ" ಎಂದ.

ಏನೂ ತಿಳಿಯದವನಂತೆ ಅವನ ಮುಖ ನೋಡಿದೆ.

"ನಂಗೇನ್ ಕಣ್ಣು ಹೋಗಿಲ್ಲ ಕಣ್ಲಾ. ಎಲ್ಲ ನುಂಗ್ತಾ ಇದ್ದೀರ. ಇವ್ನು ಪಂಪ್‌ಹೌಸ್ ಹಿಂದಕ್ ಹೋಗಿ ಬತ್ತಾನೆ. ನಾನಿನ್ನೂ ಇಲ್ಲೇ ಕುಂತಿವ್ನಿ, ಆಗ್ಲೇ ತಿಥಿ ಮನೆಗೆ ಬಂದೋರಂಗೆ ಆಡ್ತೀರಲ್ಲ." ಒಂದು ಗುಟುಕು ನೀರು ಕುಡಿದ. "ಮನೇಲಿ ಗಿರಿಜ ನನ್ ಮುಂದೆ ಉಣ್ಣಾಕಿಲ್ಲ, ಒಳಕ್ ಹೋಗಿ ಉಣ್ತಾಳೆ. ಇಲ್ಲಿ ಬಂದ್ರೆ ನೀವು ಹಿಂಗೆ. ನಂಗೆ ಬರದಿದ್ರೆ ಹೋಗ್ಲಿ ಬುಡು. ನೀವಾದ್ರೂ ಮೊದಲ್ನಂಗಿರಿ."

ಪುಟ್ಟಸ್ವಾಮಿ ನೆಟ್ಟಿನ ಹಗ್ಗ ಬಿಗಿಯುವವನಂತೆ ಆ ಕಡೆ ತಿರುಗಿಕೊಂಡ. ಸರಿ, ಗೆಳೆಯ ಇಷ್ಟು ಕೇಳುತ್ತಿದ್ದಾನೆ, ಉಗಿಯೋಣ ಎಂದು ಮುಖ ಓರೆ ಮಾಡಿದೆ. ಬಾಯಲ್ಲಿ ಏನೂ ಇರಲಿಲ್ಲ. ಕೆನ್ನೆ ಒಳಕ್ಕೆ ಎಳೆದು, ನಾಲಿಗೆ ತಿರುಗಿಸಿ, ಹುಣಸೆಹಣ್ಣನ್ನು ನೆನೆಸಿಕೊಂಡು, ಏನೇನು ಮಾಡಿದರೂ ಒಂದು ಹನಿ ಬರಲಿಲ್ಲ. ಬಾಯಿ ಪೂರ್ತಿ ಒಣಗಿಹೋಗಿತ್ತು. ಅವನು ತನ್ನ ಬಾಟಲಿಯನ್ನು ಮುಂದೆ ಹಿಡಿದ. "ತಗಾ, ಇದನ್ನ ತುಂಬ್ಕೊಂಡು ಉಗಿ" ಎಂದ. ತುಂಬಿಕೊಂಡೆ. ಅವನು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ. ಅವನ ಕುಡಿಯುವ ನೀರನ್ನು ಮಣ್ಣಿಗೆ ಉಗಿಯಲು ನನಗೆ ಮನಸ್ಸು ಬರಲಿಲ್ಲ, ಅಷ್ಟನ್ನೂ ನುಂಗಿಬಿಟ್ಟೆ.

"ಥೂ, ನಿನ್ನ" ಎಂದ ನಂಜುಂಡ. ಸದ್ದು ಹಿಂದಿನ ಹಾಗೆಯೇ ಬಂತು. ನಾವು ಹನ್ನೊಂದು ಜನವೂ ನಾಚಿಕೆಯಿಲ್ಲದೆ ಅವನ ಕಾಲ ಬಳಿಯ ಮಣ್ಣು ನೋಡಿದೆವು. ಮಣ್ಣು ಒಣಗಿಯೇ ಇತ್ತು. ನಾವು ನೋಡಿದ್ದನ್ನು ನೋಡಿ ಅವನಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ನಿಲ್ಲಲೇ ಇಲ್ಲ. ನಗುತ್ತ ನಗುತ್ತ ನಾಲಿಗೆ ಅಂಟಿಕೊಂಡು ಬಾಟಲಿಗೆ ಕೈ ಚಾಚಿದ. ಅದರಲ್ಲಿ ಉಳಿದಿದ್ದ ಒಂದು ಬಾಯಿ ನೀರನ್ನು ಈಗಷ್ಟೇ ನಾನು ಕುಡಿದು ಮುಗಿಸಿದ್ದೆ.

ಕರೆಂಟ್ ಇಲ್ಲದೆ ಪಂಪು ನಿಂತಿತ್ತು. ಬಾಟಲಿ ಕಿತ್ತುಕೊಂಡು ತೋಟದ ನಡುವೆ ಮನೆಯ ಕಡೆಗೆ ಓಡಿದೆ. ವಾಲಿಬಾಲಿನಲ್ಲಿ ನಾನು ಅಷ್ಟು ಜೋರಾಗಿ ಎಂದೂ ಓಡಿದವನಲ್ಲ. ಮೂಗು ಸಾಲದೆ ಬಾಯಲ್ಲಿ ಉಸಿರೆಳೆಯುತ್ತ ಅರ್ಧ ದಾರಿ ಕಳೆಯುವಷ್ಟರಲ್ಲಿ ಬಾಯಿ ತುಂಬ ಉಗುಳು ಬಂದು ನಿಂತಿತು. ಅವನ ಕಣ್ಣಿಗೆ ಕಾಣದಷ್ಟು ದೂರ ಬಂದಿದ್ದೆ, ಅಲ್ಲಿ ಉಗಿದಿದ್ದರೆ ಕೇಳುವವರಿರಲಿಲ್ಲ. ಉಗಿಯಲಾಗಲಿಲ್ಲ, ಓಟದ ಏದುಸಿರಿನಲ್ಲಿ ನುಂಗಲೂ ಆಗಲಿಲ್ಲ. ಗಿರಿಜ ಗಾಬರಿಯಿಂದ ಬಾಗಿಲಿಗೆ ಬಂದು, "ಏನಾಯ್ತಣ್ಣ, ಅವರಿಗೇನಾಯ್ತು" ಎಂದು ಕೇಳಿದಳು. ಏನೂ ಆಗಿಲ್ಲ, ನಗುತ್ತಿದ್ದಾನೆ ಎಂದು ಹೇಳಲು ಬಾಯಿ ತೆರೆಯಲಾಗದೆ, ಖಾಲಿ ಬಾಟಲಿಯನ್ನು ಅವಳ ಮುಂದೆ ಹಿಡಿದು ನಿಂತೆ.