ಮೈಲಿಗಲ್ಲು ಮೆಟ್ಟಿ ಸೈಕಲ್ ಹತ್ತಿದವನು

ಸೈಕಲ್ ಮೇಲೆ ಕೂತವನಿಗೆ ಹೋಗಬೇಕಾದ ಊರು ತಾನಾಗೇ ಎದುರು ಬರುತ್ತದೆ ಅಂತ ಜನ ತಿಳಿದಿರುತ್ತಾರೆ. ಹಂಗೇನೂ ಇಲ್ಲ. ನನ್ನ ಸೈಕಲ್ಲಿಗೆ ಯಾವಾಗಲೂ ಬೇರೆ ಊರೇ ಎದುರು ಬರುತ್ತಿತ್ತು. ಬೇರೆಯವರಿಗೆ ಜನ್ಮಕ್ಕೊಮ್ಮೆ ಆಗುವಂಥದು ನನಗೆ ಸಂತೆ ಸಂತೆಗೆ ಆಗುತ್ತಿತ್ತು.

ಮದ್ರಾಸ್ ಸರ್ಕಾರದ ಕಾಲ ಅದು. ಹೊಸಪೇಟೆ ಸುತ್ತಮುತ್ತ ನನ್ನಂಥ ಸವಾರ ಇರಲಿಲ್ಲ, ಆಮೇಲೂ ಹುಟ್ಟಲಿಲ್ಲ. ಗಾದಿಗನೂರು ಬಯಲಿನಲ್ಲಿ ಒಂದು ದಿನ ಎಷ್ಟು ಜೋರಾಗಿ ತುಳಿದೆನೆಂದರೆ ನನ್ನ ನೆರಳು ಹಿಂದೆ ಬಿತ್ತು. ನಾನು ಬಾವಿಕಟ್ಟೆಯ ಮೇಲೆ ಕೂತು ನೀರು ಕುಡಿದು ಬಾಯಿ ಒರೆಸಿಕೊಂಡ ಮೇಲೆ ತೇಕುತ್ತಾ ಬಂದು ಸೇರಿಕೊಂಡಿತು. ನಂಬದಿದ್ದರೆ ಬಿಡಿ. ನೆರಳು ಈಗಲೂ ನನ್ನ ಜೊತೆಗೇ ಇದೆ, ಅದನ್ನೇ ಕೇಳಿ.

ನಾನು ಒಬ್ಬ ಧಣಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಧಣಿ ಬಳ್ಳಾರಿಯಿಂದ ಸೈಕಲ್ ತರಿಸಿದರು. ಹಂಪಿ, ಸಂಡೂರು, ಕಂಪ್ಲಿ ಕಡೆ ಗಿರಣಿಯ ಮಾತು ಮುಟ್ಟಿಸಿ ಬರಲು ಒಬ್ಬ ಆಳು ಬೇಕಿತ್ತು. "ದಾರಿ ಯಾರಿಗೆ ಗೊತ್ತೈತ್ರಲೇ?" ಅಂದರು. ನಾನು ಬೆನ್ನ ಮೇಲಿನ ಚೀಲ ಇಳಿಸಿ, "ನನಗ ಗೊತ್ತೈತಿ ಧಣಿ. ದಾರಿಗೂ ನಾನು ಗೊತ್ತು" ಅಂದೆ.

ಗಿರಣಿಯ ಗುಮಾಸ್ತ ನಾಲ್ಕಕ್ಷರ ಕಲಿತವನು. ಅವನ ಕಣ್ಣೂ ಸೈಕಲ್ ಮೇಲಿತ್ತು. "ಇವಗ ಮೈಲಿಗಲ್ಲು ಓದಾಕ ಬರಂಗಿಲ್ರಿ ಧಣಿ" ಅಂದ.

"ಕಲ್ಲು ಓದಿಕೊಂತ ಕುಂತ್ರ ಊರು ಯಾವಾಗ ಮುಟ್ಟೋದ್ರಿ?" ಅಂದೆ ನಾನು.

ಧಣಿ ನಕ್ಕು ಸೈಕಲ್ ನನ್ನ ಕೈಗೆ ಕೊಟ್ಟರು. ಆದರೆ ಒಂದು ಮಾತು ಹೇಳಿದರು. "ಕೈಲಾಗಲ್ಲ ಅಂತ ಗೊತ್ತಾತಂದ್ರ ಸೈಕಲ್ ಗುಮಾಸ್ತಗ. ನಿನ್ನ ಬೆನ್ನಿಗೆ ಮತ್ತ ಚೀಲ."

ಈಗ ನಿಮಗೆ ಒಂದು ಗುಟ್ಟು ಹೇಳಬೇಕು. ನೆಲದ ಮೇಲೆ ನಿಂತು, ಓಡಿ, ಜಿಗಿದು ಸೈಕಲ್ ಹತ್ತುವುದು ನನ್ನ ಘನತೆಗೆ ಒಗ್ಗುತ್ತಿರಲಿಲ್ಲ. ಹಂಪಿಯ ರಾಜರು ಆನೆ ಏರುವಾಗ ಕಲ್ಲುಕಟ್ಟೆ ಮೆಟ್ಟಿ ಏರುತ್ತಿದ್ದರಂತೆ. ನಾನೂ ಹಂಗೆ. ಕಲ್ಲಿದ್ದರೆ ಹತ್ತುತ್ತಿದ್ದೆ, ಕಲ್ಲಿಲ್ಲದಿದ್ದರೆ ಇಲ್ಲ. ಮೈಲಿಗಲ್ಲನ್ನು ಸರ್ಕಾರ ನೆಟ್ಟಿದ್ದೇ ಇದಕ್ಕೆ ಅಂತ ನಾನು ತಿಳಿದಿದ್ದೆ. ಇದು ಧಣಿಗೆ ಗೊತ್ತಿರಲಿಲ್ಲ. ಗುಮಾಸ್ತನಿಗೆ ಮಾತ್ರ ವಾಸನೆ ಬಡಿದಿತ್ತು.

ಹಂಪಿ ದಾರಿಯ ಹಿರಿಯರು

ಮೊದಲ ಸವಾರಿ ಹಂಪಿಗೆ. ಬಜಾರಿನ ಕಲ್ಲುಮಂಟಪದಲ್ಲಿ ಅಂಗಡಿ ಇಟ್ಟಿದ್ದ ವ್ಯಾಪಾರಿಗೆ "ಅಕ್ಕಿ ನಾಳೆ ಬರ್ತೈತಿ" ಅಂತ ಹೇಳಿ ಬರಬೇಕು. ಆ ದಾರಿಯಲ್ಲಿ ಕಲ್ಲಿಗೆ ಬರವೇ? ನನಗೆ ಹಬ್ಬ ಅಂದುಕೊಂಡೆ. ಆದರೆ ನಮ್ಮ ಕಡೆ ಹಿರಿಯರು ಎದುರಾದರೆ ಸವಾರ ಕೆಳಗಿಳಿಯಬೇಕು. ಅದು ಮರ್ಯಾದೆ. ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜ ಸಿಕ್ಕ. ಇಳಿದೆ.

"ಯಾಕ ಇಳದಿ ತಮ್ಮಾ?"

"ನೀವು ಹಿರೇರು, ಯಜ್ಜ."

"ಛಲೋ ಆತು. ಎಲ್ಲಿಗಿ ಹೊಂಟಿ, ಏನು ಕೆಲಸ?"

ಹೇಳಿದೆ. ಅಜ್ಜ ಮುಂದೆ ಹೋದ. ನಾನು ಬಂಡೆ ಹುಡುಕಿ ಹತ್ತುವಷ್ಟರಲ್ಲಿ ಒಬ್ಬ ಅಜ್ಜಿ ಬಂದಳು. ಇಳಿದೆ. ಮತ್ತೊಂದು ಬಂಡೆಯಿಂದ ಹತ್ತಿದೆ, ಕಟ್ಟೆಯ ಮೇಲೆ ಯಾರ್ಯಾರೋ ಮುದುಕರು ಕೂತಿದ್ದರು. ಇಳಿದೆ. ಮನುಷ್ಯರು ಮುಗಿದರು ಅನ್ನುವಷ್ಟರಲ್ಲಿ ದೇವರುಗಳು ಶುರುವಾದವು. ಒಂದೊಂದು ಬಂಡೆಯ ಹಿಂದೆಯೂ ಒಂದೊಂದು ಗುಡಿ. ದೇವರಿಗಿಂತ ಹಿರಿಯರು ಯಾರು? ಕಡೆಗೆ ಸೈಕಲ್ ತಳ್ಳಿಕೊಂಡೇ ಹಂಪಿ ಸೇರಿದೆ.

ವ್ಯಾಪಾರಿ ನನ್ನನ್ನು ನೋಡಿ, "ಅಕ್ಕಿ ನಾಳೆ ಬರ್ತೈತಿ, ಹೌದಿಲ್ಲೋ?" ಅಂದ.

"ನಿಮಗ ಹೆಂಗ ಗೊತ್ತಾತ್ರಿ?"

"ಹುಲ್ಲಿನ ಯಜ್ಜ ಆವಾಗ್ಲೇ ಹೇಳಿ ಹೋದ. ಹಿಂದ ಒಬ್ಬ ತನ್ನ ಸೈಕಲ್ ನಡೆಸ್ಕೊಂತ ಬರಾಕತ್ಯಾನ, ಪಾಪ ಅದರ ಕಾಲಿಗೆ ಏನೋ ಆಗೇತಿ, ಅದಕ ಒಂದೀಟು ಹುಲ್ಲು ಹಾಕ್ರಿ ಅಂತ ಒಂದು ಸಿವುಡು ಇಟ್ಟೂ ಹೋಗ್ಯಾನ."

ಸಂಡೂರು ಗುಡ್ಡದ ಬೀಡಿ

ಎರಡನೆಯದು ಸಂಡೂರು ಗುಡ್ಡದ ಆಚೆ ಒಂದು ಹಳ್ಳಿ. ಅಲ್ಲಿಯ ಗೌಡರಿಗೆ "ಮಗಳ ಮದುವೆ ಅಕ್ಕಿ ಸೋಮವಾರ ಕಳಿಸ್ತೀವಿ" ಅಂತ ಹೇಳಬೇಕು. ನಮ್ಮ ಕಡೆ ದೂರವನ್ನು ಬೀಡಿಯಲ್ಲಿ ಅಳೆಯುತ್ತಿದ್ದರು. ಒಂದು ಬೀಡಿ ಸೇದಿ ಮುಗಿಸುವಷ್ಟು ನಡೆದರೆ ಅದು ಒಂದು ಬೀಡಿ ದಾರಿ. ಗುಡ್ಡದ ಬುಡದಲ್ಲಿ ಕುರಿ ಕಾಯುವವನನ್ನು ಕೇಳಿದೆ.

"ಹತ್ತಾಕ ಎಲ್ಡು ಬೀಡಿ, ಇಳಿಯಾಕ ಎಲ್ಡು ಬೀಡಿ. ಬೀಡಿ ಮುಗದಲ್ಲಿ ಊರು" ಅಂದ.

ನಾನು ಬೀಡಿ ಸೇದುವವನಲ್ಲ. ಆದರೂ ದಾರಿಗೋಸ್ಕರ ಅವನ ಹತ್ತಿರವೇ ಇಸಕೊಂಡು ಹಚ್ಚಿದೆ. ಏರಿನಲ್ಲಿ ಬೀಡಿ ಇನ್ನೂ ಉಳಿದಿತ್ತು, ನಾನು ಮುಗಿದಿದ್ದೆ. ಇಳಿಜಾರಿನಲ್ಲಿ ಅದು ತಿರುವುಮುರುವಾಯಿತು. ಸೈಕಲ್ ಓಡುವ ರಭಸಕ್ಕೆ ಗಾಳಿಯೇ ನನ್ನ ಬೀಡಿ ಸೇದಿಬಿಟ್ಟಿತು. ನಾನು ಒಂದು ದಮ್ಮೂ ಎಳೆದಿರಲಿಲ್ಲ, ಎರಡೂ ಮುಗಿದವು. ಮುಗಿದಲ್ಲಿ ನೋಡಿದರೆ ನಿಜವಾಗಿಯೂ ಒಂದು ಹಳ್ಳಿ. ಕುರಿಯವನು ಸುಳ್ಳು ಹೇಳಿರಲಿಲ್ಲ ಅಂದುಕೊಂಡು ದೊಡ್ಡದಾಗಿ ಕಂಡ ಮನೆಯ ಮುಂದೆ ನಿಂತೆ. ಒಬ್ಬ ಗಂಭೀರ ಮನುಷ್ಯ ಹೊರಗೆ ಬಂದ.

"ಗೌಡ್ರ, ನಿಮ್ಮ ಮಗಳ ಮದುವಿ ಅಕ್ಕಿ ಸೋಮವಾರ ಬರ್ತೈತ್ರಿ" ಅಂದೆ.

ಆತ ತಬ್ಬಿಬ್ಬಾದ. "ನನಗ ಮಗಳೇ ಇಲ್ಲಲ್ಲಪ."

"ಹಂಗಂದ್ರ ಹೆಂಗ್ರಿ? ನಮ್ಮ ಧಣಿ ಖುದ್ದು ಹೇಳ್ಯಾರ. ಮಗಳೂ ಅದಾಳ, ಮದುವಿನೂ ಐತಿ."

ಒಳಗಿಂದ ಹೆಂಡತಿ ಒನಕೆ ಹಿಡಿದುಕೊಂಡೇ ಬಂದಳು. ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿದಳು. "ಅಕ್ಕಿ ತರಿಸೋ ಮಟ್ಟಕ್ಕ ಬಂದೈತಿ ಅಂದಮ್ಯಾಲ ನಿಮ್ಮ ಆ ಇನ್ನೊಂದು ಮನಿ ಯಾವ ಊರಾಗ ಐತಿ ಅಂತ ನೀವಽ ಹೇಳ್ತೀರೋ, ಈ ಸೈಕಲ್ಲಿನಂವ ಹೇಳ್ಬೇಕೋ?"

ನಿಜಾಮರಿಗೆ ಹೋದ ಕಂಪ್ಲಿ

ಸಂಡೂರಿನ ಸುದ್ದಿ ಗಿರಣಿಗೆ ಬಂತು. ಧಣಿ, "ಇನ್ನೊಂದು ಸಲ ನೋಡ್ತೀನಿ" ಅಂದರು. ಗುಮಾಸ್ತ ಸೈಕಲ್ ಸೀಟು ಒರೆಸತೊಡಗಿದ.

ಈ ಸಲ ಕಂಪ್ಲಿಯಿಂದ ಹೊಳೆ ದಾಟಿ ನಿಜಾಮರ ಸೀಮೆಯ ಒಬ್ಬ ರೈತನಿಗೆ ಮಾತು ಮುಟ್ಟಿಸಬೇಕು. ಹರಿಗೋಲಿನಲ್ಲಿ ಸೈಕಲ್ ಮಡಿಲಲ್ಲಿಟ್ಟುಕೊಂಡು ಕೂತೆ. ಹೊಳೆಗೆ ಹೆದರಿ ಅಲ್ಲ, ಬಿಸಿಲಿಗೆ ಕಣ್ಣು ಮುಚ್ಚಿದ್ದೆ. ಹರಿಗೋಲು ಬುಗುರಿಯ ಹಾಗೆ ತಿರುಗಿತು. ನಡುನೀರಿನಲ್ಲಿ ಅಂಬಿಗನಿಗೆ ತನ್ನ ಎಲೆ‑ಅಡಿಕೆ ಚೀಲ ದಡದಲ್ಲೇ ಮರೆತದ್ದು ನೆನಪಾಗಿ ಹಿಂದಕ್ಕೆ ಹುಟ್ಟು ಹಾಕಿದ್ದಾನೆ. ನನಗೇನು ಗೊತ್ತು? ತಳ ನೆಲಕ್ಕೆ ತಾಗಿದ್ದೇ ಇಳಿದೆ, ದಡದ ಕಲ್ಲು ಮೆಟ್ಟಿ ಹತ್ತಿದೆ, ಹೊರಟೆ.

ಹೋಗ್ತಾ ಹೋಗ್ತಾ ಆಶ್ಚರ್ಯ. ಇಲ್ಲೂ ಕಂಪ್ಲಿಯಂಥದ್ದೇ ಕೋಟೆ, ಅಂಥದ್ದೇ ಪೇಟೆ. ಒಂದು ಅಂಗಡಿಯ ಮುಂದೆ ನಿಂತು, "ಇದು ನಿಜಾಮರ ಸೀಮಿ ಅಲ್ಲೇನ್ರಿ?" ಅಂದೆ.

ಅಂಗಡಿಯವನ ಕೈಯಲ್ಲಿ ತಕ್ಕಡಿ ಹಂಗೇ ನಿಂತಿತು. "ಮುಂಜಾನಿ ತನಕ ಕಂಪ್ಲಿನೇ ಇತ್ತಲ್ಲಪ. ಯಾವಾಗ ಕೊಟ್ರು?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಅಂಗಡಿಯವನು ಬಾಗಿಲು ಹಾಕಿಕೊಂಡ. ನಾನು ಊರು ಬಿಡುವ ಹೊತ್ತಿಗೆ ಇಡೀ ಪೇಟೆ ಹೊಳೆ ದಂಡೆಗೆ ಹೋಗಿ, ಹೊಳೆ ಇನ್ನೂ ಆ ಕಡೆಗೇ ಇದೆಯೋ ಇಲ್ಲವೋ ಅಂತ ನೋಡುತ್ತಾ ನಿಂತಿತ್ತು.

ಕಲ್ಲಿಲ್ಲದ ಬಯಲು

ಇದಾದ ಮೇಲೆ ಧಣಿ ನಗುವುದನ್ನು ಬಿಟ್ಟರು. "ಇನ್ನೊಮ್ಮೆ ಎಡವಟ್ಟು ಮಾಡಿದ್ರ ಮುಗೀತು" ಅಂದು ಬತ್ತ ಕೊಳ್ಳಲು ಗಾಡಿ ಕಟ್ಟಿಸಿಕೊಂಡು ಕಂಪ್ಲಿಗೆ ಹೋದರು. ಮರುದಿನ ಗಿರಣಿಯ ಇಂಜಿನ್ ಕೆಟ್ಟು ನಿಂತಿತು. ಬತ್ತ ಬಂದರೆ ಇಳಿಸಲು ಜಾಗವಿಲ್ಲ. ಗುಮಾಸ್ತ ನನ್ನನ್ನು ಕರೆದ. "ಧಣಿಗೆ ಹೇಳು, ಬತ್ತದ ಗಾಡಿ ಕಂಪ್ಲಿಯಾಗೇ ಇರ್ಲಿ. ಆ ದಾರ್ಯಾಗ ಬರೇ ಗದ್ದಿ ಅದಾವ ನೋಡು, ಕಲ್ಲು ಕಡಿಮಿ" ಅಂದು ಹಲ್ಲು ಕಿಸಿದ.

ಅರ್ಧ ದಾರಿಗೆ ಒಂದು ಕಣದ ಬಯಲು. ಎದುರಿಗೆ ಧಣಿಯ ಗಾಡಿ, ಹಿಂದೆ ಬತ್ತದ ಗಾಡಿಗಳ ಸಾಲು. ಗಾಡಿಯವರೆಲ್ಲ ನಿದ್ದೆಯಲ್ಲಿದ್ದರು. ಮುಂದಿನ ಎತ್ತಿನ ಗಂಟೆ ಕೇಳಿಕೊಂಡು ಹಿಂದಿನವು ತಾವೇ ನಡೆಯುತ್ತವೆ. ಧಣಿ ಮಾತ್ರ ಎಚ್ಚರವಿದ್ದರು. ನನ್ನನ್ನು ಕಂಡು ಗಾಡಿ ನಿಲ್ಲಿಸಿ ಕೆಳಗಿಳಿದರು.

ಧಣಿಯ ಮುಂದೆ ಇಳಿಯದಿದ್ದರೆ ಮರ್ಯಾದೆ ಹೋಗುತ್ತದೆ. ಇಳಿದರೆ ಹತ್ತಲು ಕಲ್ಲಿಲ್ಲ. ಹತ್ತಲು ಬಾರದ್ದು ಧಣಿ ನೋಡಿದರೆ ಸೈಕಲ್ ಹೋಗುತ್ತದೆ. ನನ್ನ ತಲೆ ಕೆಟ್ಟಿತು. ನಿಲ್ಲಿಸಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಗಂಟೆ ಬಾರಿಸುತ್ತಾ ಧಣಿಗೂ ಗಾಡಿಗೂ ಸೇರಿಸಿ ಸುತ್ತು ಹೊಡೆಯತೊಡಗಿದೆ.

"ಏನಲೇ ಇದು?"

"ಇಂಜಿನ್ ಧಣಿ" ಅಂದೆ. ಅಷ್ಟರಲ್ಲಿ ಗಾಡಿಯ ಮರೆಗೆ ಹೋದೆ.

"ಇಂಜಿನ್ನಿಗೇನಾತು?"

"ಕೆಟ್ಟು..." ಮತ್ತೆ ಮರೆ.

"ಯಾರು ಕೆಟ್ರಲೇ? ನಿಂತು ಹೇಳು."

"ನಿಂತೈತ್ರಿ ಧಣಿ, ಅದು ನಿಂತೈತಿ."

ಧಣಿ ನನ್ನ ಕಡೆ ಮುಖ ತಿರುಗಿಸುತ್ತಾ ನಿಂತಲ್ಲೇ ಗಿರಗಿರ ತಿರುಗಿದರು. ಧಣಿಯ ಎತ್ತುಗಳು ನನ್ನ ಸೈಕಲ್ ಗಂಟೆಯನ್ನೇ ಮುಂದಿನ ಗಾಡಿಯ ಗಂಟೆ ಅಂದುಕೊಂಡು ನನ್ನ ಹಿಂದೆ ತಿರುಗಿದವು. ಹಿಂದಿನವು ಅವುಗಳ ಹಿಂದೆ ತಿರುಗಿದವು. ನೋಡನೋಡುತ್ತಾ ಇಡೀ ಸಾಲು ಕಂಪ್ಲಿ ಕಡೆ ಮುಖ ಮಾಡಿ ಹೊರಟೇ ಹೋಯಿತು. ಗಾಡಿಯವರಲ್ಲಿ ಒಬ್ಬನೂ ಕಣ್ಣು ಬಿಡಲಿಲ್ಲ. ನಾನು ಬಾಯಿಂದ ಹೇಳಲಾರದ ಮಾತು ಎತ್ತುಗಳಿಗೆ ಮುಟ್ಟಿತ್ತು.

ಧಣಿ ತಲೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟರು. ಸೈಕಲ್ ಓಲಾಡಿ ನಾನೂ ಕೆಳಗೆ ಬಿದ್ದೆ. ಇಂಜಿನ್ ಸುದ್ದಿಯನ್ನು ಆಗ ಪೂರ್ತಿ ಹೇಳಿದೆ.

"ಬತ್ತ ಹೋಗ್ಲಿ ಬಿಡು, ಛಲೋನೇ ಆತು" ಅಂದರು ಧಣಿ, ಕಣ್ಣು ತೆರೆಯದೆ. "ನನ್ನ ಗಾಡಿನೂ ಹೋತಲ್ಲಲೇ. ನಾನೇನು ನಡಕೊಂತ ಹೋಗ್ಲೇನು? ಜಲ್ದಿ ಹತ್ತು, ಹಿಡ್ಕೊಂಡು ಬಾ."

ಭೂಮಿ ಇನ್ನೂ ತಿರುಗುತ್ತಿತ್ತು. ಸೈಕಲ್ ಎತ್ತಿಕೊಂಡು ಕಲ್ಲು ಹುಡುಕಿದೆ. ನಮ್ಮಪ್ಪ ಹಂಪಿ ವಿರೂಪಾಕ್ಷ ಕಣ್ಣು ಬಿಟ್ಟ. ಎದುರಿಗೇ ಕಂಡಿತು, ಬೆಳ್ಳಗೆ ಸುಣ್ಣ ಬಳಿದ ಗುಂಡನೆಯ ಮೈಲಿಗಲ್ಲು. ಸರ್ಕಾರವನ್ನು ಮನಸ್ಸಿನಲ್ಲೇ ಹೊಗಳಿ, ಕಾಲಿಟ್ಟು, ಮೆಟ್ಟಿ, ಸೀಟಿನ ಮೇಲೆ ಕೂತೆ. ಇನ್ನೊಂದು ಕಾಲು ಕಲ್ಲಿನ ಮೇಲೇ ಇತ್ತು. ಕಲ್ಲು ಮಾತಾಡಿತು.

"ಕಂಪ್ಲಿ ಇನ್ನ ಎಷ್ಟು ಮೈಲಿ ಅಂತ ನನ್ನ ಬೆನ್ನ ಮ್ಯಾಲ ಬರದೈತೇನಲೇ?"

ನನ್ನ ಕಾಲ ಕೆಳಗೆ ಇದ್ದದ್ದು ಧಣಿಯ ಬಿಳಿ ಅಂಗಿ. ನಿಜವನ್ನೇ ಹೇಳಿದೆ. "ನನಗ ಓದಾಕ ಬರಂಗಿಲ್ರಿ ಧಣಿ."

ಕಾಲ ಕೆಳಗಿನ ಬೆನ್ನು ಅಲುಗಾಡತೊಡಗಿತು. ಸೈಕಲ್ ಹೋಯಿತು, ಚೀಲ ಬಂತು ಅಂದುಕೊಂಡೆ. ನೋಡಿದರೆ ಧಣಿ ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಹೇಳಿದರು.

"ಸೈಕಲ್ ನೀನಽ ಇಟ್ಕೋ. ಆ ಗುಮಾಸ್ತಗ ಓದಾಕ ಬರ್ತೈತಿ. ಸೈಕಲ್ ಅವಗ ಕೊಟ್ರ ನನ್ನ ಬೆನ್ನ ಮ್ಯಾಲ ಇರೋ ನಿನ್ನ ಕಾಲಿನ ಗುರುತು ಓದಿ ಊರೂರಿಗೆಲ್ಲ ಹೇಳ್ಯಾನು."